ಅಪ್ರೂವಲ್ ಒಂದು ಒತ್ತಿಬಿಡಿ ಸಾರ್

ನಿಮ್ಮ ಆಫೀಸಿಗೂ ಬಾಟ್ ಬಂತಂತಲ್ಲ? ಸಂತೋಷ ಕಣ್ರೀ. ಹೆಸರೇನಿಟ್ರಿ? (ಇಡದೇ ಬಿಡೋರಲ್ಲ ನೀವು, ನಂಗೊತ್ತು.) ಆಯುಧಪೂಜೆ ದಿನ ಸರ್ವರ್ ರೂಮಿಗೆ ಮಾವಿನೆಲೆ ಕಟ್ಟಿ, ಲ್ಯಾಪ್‌ಟಾಪ್‌ಗೆಲ್ಲ ಕುಂಕುಮ ಹಚ್ಚಿ, ಬೂದುಗುಂಬಳ ಒಡೆದ ಮೇಲೆ ಈ ಹೊಸ ನೌಕರನಿಗೆ ಹೂವು ಎಲ್ಲಿ ಏರಿಸೋದು ಅಂತ ಪುರೋಹಿತರು ಕೇಳಿದ್ರಂತೆ. ಐಟಿಯವರು ಒಬ್ಬರ ಮುಖ ಒಬ್ಬರು ನೋಡಿಕೊಂಡ್ರಂತೆ.

ಬರೀ ಬಾಟ್ ಅಂದ್ರೆ ನಿಮಗೆ ಕೋಪ ಬೇರೆ. ‘ಹೈಪರ್‌ಆಟೊಮೇಷನ್ ಅನ್ನಿ’ ಅಂತೀರಿ. ಅನ್ನೋಣ ಬಿಡಿ, ನಮ್ಮಪ್ಪನ ಮನೆ ಗಂಟೇನು ಹೋಗಬೇಕು? 2019ರ ಕೊನೆಯಲ್ಲಿ ಗಾರ್ಟ್ನರ್‌ನವರು 2020ರ ಹತ್ತು ಟೆಕ್ನಾಲಜಿ ಟ್ರೆಂಡ್‌ಗಳ ಪಟ್ಟಿ ಹೊರಡಿಸಿ ಇದನ್ನ ಮೊದಲನೇ ಸ್ಥಾನದಲ್ಲಿ ಕೂರಿಸಿದ್ದೇ ತಡ, ಎಲ್ಲ ಕಂಪನಿಗಳ ಪಿಪಿಟಿಯಲ್ಲೂ ಅದೇ ಮಂತ್ರ. ಒಂದು ಬಾಟ್ ಒಂದು ಕೆಲಸ ಮಾಡಿದ್ರೆ ಸಾಲದು, ನಾಲ್ಕೈದು ತಂತ್ರಜ್ಞಾನ ಕೈಕೈ ಹಿಡಿದು ಇಡೀ ಕೆಲಸವನ್ನ ಈ ತುದಿಯಿಂದ ಆ ತುದಿಗೆ ಮುಟ್ಟಿಸಬೇಕು. ಇಷ್ಟೇ ವಿಷಯ.

ನಿಮ್ಮಲ್ಲೇ ನೋಡಿ. ಸಪ್ಲೈಯರ್ ಕಳಿಸಿದ ಬಿಲ್ ಮೇಲ್‌ನಲ್ಲಿ ಬಂದು ಬೀಳತ್ತೆ. ಓಸಿಆರ್ ಅದರ ಅಕ್ಷರ ಓದತ್ತೆ. ಇದು ಜಿಎಸ್‌ಟಿ ನಂಬರ್, ಇದು ಪಿಓ (ಪರ್ಚೇಸ್ ಆರ್ಡರ್) ನಂಬರ್, ಇದು ಮೊತ್ತ ಅಂತ ಇನ್ನೊಂದು ಮಾಡೆಲ್ ಗುರುತು ಹಿಡಿಯತ್ತೆ. ಆರ್‌ಪಿಎ ಬಾಟ್ ತಾನೇ ಲಾಗಿನ್ ಆಗಿ, ನಿಮ್ಮ ಅಕೌಂಟ್ಸ್ ಹುಡುಗ ದಿನವಿಡೀ ಒತ್ತುತ್ತಿದ್ದ ಅದೇ ಬಟನ್‌ಗಳನ್ನ ಒತ್ತಿ ಕಂಪನಿಯ ಲೆಕ್ಕವಿಡೋ ಇಆರ್‌ಪಿಗೆ ತುಂಬತ್ತೆ. ಪಿಓ, ಮಾಲು ಬಂತು ಅಂತ ಸ್ಟೋರ್ಸ್‌ನವರು ಕೊಟ್ಟ ಜಿಆರ್‌ಎನ್, ಬಿಲ್ಲು, ಮೂರನ್ನೂ ಪಕ್ಕಪಕ್ಕ ಇಟ್ಟು ತಾಳೆ ನೋಡತ್ತೆ. ನೀವು ಕಾಫಿ ಆರಿಸೋಷ್ಟರಲ್ಲಿ ಮುಗೀತು. ಆಮೇಲೆ ವರ್ಕ್‌ಫ್ಲೋ ಅನ್ನೋದು ಆ ಬಿಲ್ಲನ್ನ ಮುಂದಕ್ಕೆ ತಳ್ಳತ್ತೆ.

ಎಲ್ಲಿಗೆ? ನಿಮ್ಮ ಹತ್ತಿರಕ್ಕೆ. ಅಲ್ಲಿ ನಿಂತ್ಕೊಳ್ಳತ್ತೆ. ಮೈಸೂರಿಂದ ಒಂದೂವರೆ ಗಂಟೇಲಿ ಹಾರಿ ಬಂದ ಕಾರು ಕೆಂಗೇರಿ ದಾಟೋಕೆ ಇನ್ನೊಂದು ಗಂಟೆ ತಗೊಳ್ಳತ್ತಲ್ಲ, ಹಾಗೆ. ಆ ಕೆಂಗೇರಿ ನೀವು ಕಣ್ರೀ! (ಮೇಡಂ, ನಗಬೇಡಿ. ನಿಮ್ಮ ಹೆಸರೂ ಆ ವರ್ಕ್‌ಫ್ಲೋದಲ್ಲಿದೆ, ಇವರ ಮುಂದಿನ ಬಾಕ್ಸ್‌ನಲ್ಲಿ.)

ಸಿಸ್ಟಮ್ ಸುಮ್ಮನಿರತ್ತಾ? ರಿಮೈಂಡರ್ ಕಳಿಸತ್ತೆ. ನೀವೇನು ಕಡಿಮೆಯೋರಾ? ‘ವರ್ಕ್‌ಫ್ಲೋ’ ಅಂತ ಸಬ್ಜೆಕ್ಟ್ ಇರೋ ಮೇಲ್‌ಗಳೆಲ್ಲ ತಾವಾಗೇ ಬೇರೆ ಫೋಲ್ಡರಿಗೆ ಹೋಗಲಿ ಅಂತ ಮೇಲ್‌ನಲ್ಲಿ ರೂಲ್ ಹಾಕಿಟ್ಟಿದೀರಿ. ಕೋಟಿಗಟ್ಟಲೆ ಸುರಿದ ಪ್ರಾಜೆಕ್ಟಿನಲ್ಲಿ ನೀವು ಸ್ವಂತ ಕೈಯಾರೆ ಮಾಡಿದ ಆಟೊಮೇಷನ್ ಅಂದ್ರೆ ಅದೊಂದೇ. ಅದು ಮಾತ್ರ ಒಂದು ದಿನವೂ ಕೆಟ್ಟಿಲ್ಲ ನೋಡಿ.

ಕೊನೆಗೆ ಕೆಲಸ ಆಗೋದು ಹೇಗೆ? ಅಕೌಂಟ್ಸ್ ಹುಡುಗ ವಾಟ್ಸ್ಯಾಪ್ ಮಾಡ್ತಾನೆ: ‘ಸಾರ್, ಪೆಂಡಿಂಗ್ ಇದೆ, ಅಪ್ರೂವಲ್ ಒಂದು ಒತ್ತಿಬಿಡಿ ಸಾರ್.’ ಬಟನ್ ಒತ್ತೋ ಕೆಲಸವನ್ನ ಬಾಟ್ ಕಿತ್ಕೊಂಡ ಮೇಲೆ ಅವನಿಗೆ ಸಿಕ್ಕ ಹೊಸ ಉದ್ಯೋಗ ಇದು, ನಿಮ್ಮನ್ನ ನೆನಪಿಸೋದು. ನೀವು ಶುಕ್ರವಾರ ಸಂಜೆ ಕ್ಯಾಬ್‌ನಲ್ಲಿ ಕೂತು ಮೊಬೈಲಲ್ಲೇ ಟಕಟಕ ಅಂತ ನಲವತ್ತು ಬಿಲ್ ಒತ್ತಿ ಬಿಸಾಕ್ತೀರಿ. ಓದಿದ್ರಾ? ಎದೆ ಮುಟ್ಟಿಕೊಂಡು ಹೇಳಿ, ಒಂದಾದ್ರೂ ತೆಗೆದು ನೋಡಿದ್ರಾ?

ಹೋಗಲಿ, ಬಿಲ್ಲಿನ ಕತೆಯೇ ಒಂದು ತಮಾಷೆ. ವರ್ಷಕ್ಕೆ 5 ಕೋಟಿ ಮೀರಿದ ವಹಿವಾಟಿನವರು ಇನ್ನೊಂದು ಕಂಪನಿಗೆ ಬಿಲ್ ಮಾಡಿದ್ರೆ ಇ-ಇನ್‌ವಾಯ್ಸ್ ಕಡ್ಡಾಯ, 2023ರ ಆಗಸ್ಟ್‌ನಿಂದ. (500 ಕೋಟಿ ಮೀರಿದವರಿಗೆ 2020ರ ಅಕ್ಟೋಬರಲ್ಲೇ ಶುರುವಾಗಿತ್ತು.) ಬಿಲ್ಲಿನ ಡೇಟಾ ನೇರ ಸರ್ಕಾರದ ಪೋರ್ಟಲ್‌ಗೆ ಹೋಗತ್ತೆ, ಆ ಬಿಲ್ಲಿಗಷ್ಟೇ ಸೇರಿದ 64 ಅಕ್ಷರಗಳ ಗುರುತಿನ ಸಂಖ್ಯೆ, ಐಆರ್‌ಎನ್, ಬರತ್ತೆ, ಡಿಜಿಟಲ್ ಸಹಿ ಇರೋ ಕ್ಯೂಆರ್ ಕೋಡ್ ಬರತ್ತೆ. ಅಂದ್ರೆ ಬಿಲ್ಲು ಹುಟ್ಟುವಾಗಲೇ ಕಂಪ್ಯೂಟರಿಗೆ ಅರ್ಥವಾಗೋ ಭಾಷೆಯಲ್ಲಿ ಹುಟ್ಟಿದೆ.

ಅದನ್ನ ನೀವೇನು ಮಾಡ್ತೀರಿ? ‘ಪ್ರಿಂಟ್ ತೆಗೆದು ರೌಂಡ್ ಸೀಲ್ ಹಾಕಿ ಕಳಿಸ್ರೀ’ ಅಂತೀರಿ. ಪೀಣ್ಯದ ಆ ಸಪ್ಲೈಯರ್ ಪಾಪ ಪ್ರಿಂಟ್ ತೆಗೆದು, ಸೀಲ್ ಗುದ್ದಿ, ಸ್ಕ್ಯಾನ್ ಮಾಡಿ, ಸೊಟ್ಟಗಿರೋ ಪಿಡಿಎಫ್ ಮೇಲ್ ಮಾಡ್ತಾನೆ. ಸರಿಯಾಗಿ ಮೊತ್ತದ ಮೇಲೇ ಸೀಲ್ ಬಿದ್ದಿರತ್ತೆ. ಆ ನೀಲಿ ಇಂಕಿನ ಕೆಳಗೆ ಇರೋದು ಮೂರೋ ಎಂಟೋ ಅಂತ ಕಂಡುಹಿಡಿಯೋಕೆ ನಿಮ್ಮ ಎಐ ತಿಣುಕಾಡತ್ತೆ! ಡೇಟಾನ ಕಾಗದ ಮಾಡಿ, ಕಾಗದವನ್ನ ಮತ್ತೆ ಡೇಟಾ ಮಾಡೋ ಯಂತ್ರಕ್ಕೆ ಲೈಸೆನ್ಸ್ ಫೀಸು ಕಟ್ಟಿ, ಅದಕ್ಕೆ ಡಿಜಿಟಲ್ ಟ್ರಾನ್ಸ್‌ಫಾರ್ಮೇಷನ್ ಅಂತ ಅವಾರ್ಡ್ ಬೇರೆ ತಗೊಂಡು ಬಂದ್ರಿ. ಫೋಟೋ ನೋಡಿದೆ, ಕೋಟು ಚೆನ್ನಾಗಿ ಒಪ್ಪತ್ತೆ ನಿಮಗೆ.

ಇನ್ನು ಬಾಟ್‌ನ ಗೋಳು ಬೇರೆ. ಅದಕ್ಕೂ ನಿಮ್ಮ ಹಾಗೇ ಯೂಸರ್ ಐಡಿ, ಪಾಸ್‌ವರ್ಡ್. ಪಾಸ್‌ವರ್ಡ್ ಅವಧಿ ಮುಗಿದ ದಿನ ಬಾಗಿಲಲ್ಲೇ ನಿಂತಿರತ್ತೆ. ಸಾಫ್ಟ್‌ವೇರ್ ಅಪ್‌ಡೇಟ್ ಆಗಿ ಸೇವ್ ಬಟನ್ ಎಡದಿಂದ ಬಲಕ್ಕೆ ಹೋಯ್ತೋ, ಅಲ್ಲಿಗೆ ಮುಗೀತು. (ನೀವಾಗಿದ್ರೆ ಗೊಣಗಿಕೊಂಡು ಬಲಗಡೆ ಒತ್ತಿರ್ತಿದ್ರಿ. ಗೊಣಗೋದರ ಬೆಲೆ ಈಗ ಗೊತ್ತಾಯ್ತಲ್ಲ?) ಅದಕ್ಕೇ ಬುದ್ಧಿವಂತರು ಸಿಸ್ಟಮ್‌ಗಳು ಎಪಿಐ ಮೂಲಕ ನೇರ ಮಾತಾಡೋ ಕಡೆ ಬಾಟ್ ಕೂರಿಸಲ್ಲ. ಬೇರೆ ದಾರಿ ಇಲ್ಲದ ಹಳೇ ಸ್ಕ್ರೀನ್‌ಗಳಿಗೆ ಮಾತ್ರ ಅದನ್ನ ಬಿಡ್ತಾರೆ.

ಸರಿ, ಈಗ ಮೆಲ್ಲಗೆ ಕೇಳ್ತೀನಿ. ನಿಮ್ಮ ಡೆಸ್ಕ್‌ಟಾಪ್ ಮೇಲೆ ಒಂದು ಎಕ್ಸೆಲ್ ಫೈಲ್ ಇದೆಯಲ್ಲ, ಇಆರ್‌ಪಿಯಲ್ಲಿರೋದನ್ನೆಲ್ಲ ಇನ್ನೊಂದು ಸಲ ಬರೆದಿಟ್ಟಿರೋದು? ‘ಸಿಸ್ಟಮ್ ಮೇಲೆ ನಂಬಿಕೆ ಇಲ್ಲ ಕಣ್ರೀ, ಸೇಫ್ಟಿಗೆ’ ಅಂತೀರಿ. ತಿಂಗಳ ಕೊನೆಗೆ ಅದಕ್ಕೂ ಇಆರ್‌ಪಿಗೂ ವ್ಯತ್ಯಾಸ ಬಂದಾಗ ನೀವು ನಂಬೋದು ಎಕ್ಸೆಲ್‌ನ. ಯಾಕೆ? ಅದರ ಕಾಲಮ್‌ಗಳಿಗೆ ಹಸಿರು, ಹಳದಿ ಬಣ್ಣ ಹಚ್ಚಿದ್ದು ನೀವೇ ಅಲ್ವಾ!

ನಮ್ಮ ಕಂದಾಯ ಇಲಾಖೆಯವರು ಈ ವಿಷಯದಲ್ಲಿ ನಿಮಗಿಂತ ಗಟ್ಟಿ. ಇಪ್ಪತ್ತು ವರ್ಷಕ್ಕೂ ಹಿಂದೆಯೇ ‘ಭೂಮಿ’ ಯೋಜನೆಯಲ್ಲಿ ಪಹಣಿ ಕಂಪ್ಯೂಟರಿಗೆ ಹೋದಾಗ, ಕೈಬರಹದ ಪಹಣಿ ಇನ್ನು ಮುಂದೆ ನಡೆಯಲ್ಲ ಅಂತಲೇ ಹೇಳಿಬಿಟ್ಟರು. ಖಾತೆ ಬದಲಾವಣೆ ಅರ್ಜಿ ಬಂದ ಸರದಿಯಲ್ಲೇ ವಿಲೇವಾರಿ ಆಗಬೇಕು, ಕಂಪ್ಯೂಟರ್ ಮುಂದೆ ಕೂರೋ ನೌಕರ ಬೆರಳಚ್ಚು ಕೊಟ್ಟೇ ಒಳಗೆ ಹೋಗಬೇಕು. (ಪಹಣಿ ತಿದ್ದುಪಡಿಗೆ ತಾಲ್ಲೂಕು ಕಚೇರಿ ಸುತ್ತಿದವರು ಚಪ್ಪಲಿ ಕೈಗೆತ್ಕೋಬೇಡಿ, ಕಷ್ಟ ಇರಲಿಲ್ಲ ಅಂತ ನಾನು ಹೇಳ್ತಿಲ್ಲ.) ಹಳೇ ಪುಸ್ತಕ ಮುಚ್ಚಿದ್ರು ಅನ್ನೋದಷ್ಟೇ ನನ್ನ ಮಾತು. ನಿಮ್ಮ ಕೈಲಿ ಒಂದು ಎಕ್ಸೆಲ್ ಡಿಲೀಟ್ ಮಾಡೋಕಾಗಲ್ಲ.

ಹಳೇ ಪದ್ಧತಿ ಬಿಡದೆ ಅದರ ಮೇಲೇ ಕಂಪ್ಯೂಟರ್ ಕೂರಿಸೋದು ನಿಮ್ಮೊಬ್ಬರ ಕಾಯಿಲೆ ಅಂದ್ಕೋಬೇಡಿ, ಅಮೆರಿಕದ ಫೋರ್ಡ್ ಕಂಪನಿಗೂ ಇತ್ತು. 1980ರ ದಶಕದಲ್ಲಿ ಅವರ ಉತ್ತರ ಅಮೆರಿಕದ ಬಿಲ್ ಪಾವತಿ ವಿಭಾಗದಲ್ಲಿ 500ಕ್ಕೂ ಹೆಚ್ಚು ಜನ. ಕಂಪ್ಯೂಟರ್ ಹಾಕಿ 400ಕ್ಕೆ ಇಳಿಸೋಣ ಅಂತ ಲೆಕ್ಕ ಹಾಕಿ ಬೀಗಿದ್ರು. ಆಮೇಲೆ ಜಪಾನಿನ ಮಾಜ್ದಾದಲ್ಲಿ ಇಣುಕಿ ನೋಡಿದ್ರೆ ಅದೇ ಕೆಲಸಕ್ಕೆ 5 ಜನ! ಮಾಜ್ದಾ ಚಿಕ್ಕ ಕಂಪನಿ ಅಂತ ಸಮಾಧಾನ ಮಾಡ್ಕೊಂಡ್ರೂ 5 ಎಲ್ಲಿ, 400 ಎಲ್ಲಿ?

ಮೈಕಲ್ ಹ್ಯಾಮರ್ ಅನ್ನೋ ಪಂಡಿತರು 1990ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಈ ಕತೆ ಬರೆದರು. ಫೋರ್ಡ್ ಕೊನೆಗೆ ಮಾಡಿದ್ದು ಇಷ್ಟೇ. ಮಾಲು ಗೇಟಿಗೆ ಬಂದಾಗ ಅಲ್ಲಿನ ಗುಮಾಸ್ತ ಕಂಪ್ಯೂಟರಲ್ಲಿ ಆರ್ಡರ್ ನೋಡ್ತಾನೆ. ತಾಳೆಯಾದ್ರೆ ಒಳಗೆ, ದುಡ್ಡು ತಾನಾಗೇ ಹೋಗತ್ತೆ. ಆಗದಿದ್ರೆ ಲಾರಿ ವಾಪಸ್. ಬಿಲ್ಲೇ ಬೇಡ! ಬಿಲ್ಲನ್ನ ಬೇಗ ಓದೋದು ಹೇಗೆ ಅಂತ ತಲೆ ಕೆಡಿಸಿಕೊಳ್ಳೋ ಬದಲು ಬಿಲ್ಲನ್ನೇ ಕಿತ್ತು ಬಿಸಾಕಿದ್ರು. ನಾಲ್ಕರಲ್ಲಿ ಮೂರು ಪಾಲು ಜನ ಆ ಕೆಲಸದಿಂದ ಬಿಡುಗಡೆ. ನೀವಾಗಿದ್ರೆ ಗುಮಾಸ್ತನ ಪಕ್ಕ ಒಬ್ಬ ಅಪ್ರೂವರ್‌ನ ಕೂರಿಸ್ತಿದ್ರಿ.

‘ಅಯ್ಯೋ, ಮೋಸ ಆದ್ರೆ ಯಾರ್ರೀ ಜವಾಬ್ದಾರಿ?’ ಅಂತ ಗುಡುಗಬೇಡಿ. ಗೊತ್ತು. ಹೊಸ ಸಪ್ಲೈಯರ್, ಬ್ಯಾಂಕ್ ಅಕೌಂಟ್ ಬದಲಾಯಿಸಿ ಅಂತ ಬಂದ ಮೇಲ್, ರೇಟ್ ತಾಳೆಯಾಗದ ಬಿಲ್, ಇಂಥವಕ್ಕೆ ಮನುಷ್ಯನ ಕಣ್ಣು ಬೇಕೇ ಬೇಕು. ಒಬ್ಬ ಎಂಟ್ರಿ ಮಾಡಿದ್ದನ್ನ ಇನ್ನೊಬ್ಬ ನೋಡ್ಬೇಕು, ಆ ಪದ್ಧತಿ ಸರಿಯಾಗೇ ಇದೆ. ಆದ್ರೆ ಪಿಓಗೆ ಸಹಿ ಹಾಕಿದ್ದು ನೀವೇ, ಮಾಲು ಬಂದಿದ್ದು ಹೌದು, ರೇಟು ಅದೇ, ಮೂರೂ ಪೈಸೆ ಬಿಡದೆ ಕೂಡಿವೆ. ಈಗ ಇನ್ನೊಂದು ಸಲ ಒತ್ತೋದು ಏನನ್ನ ಕಾಯೋಕೆ? ದುಡ್ಡನ್ನಾ, ‘ಸಾರ್’ ಅನ್ನಿಸಿಕೊಳ್ಳೋದನ್ನಾ? (ನಮ್ಮಿಬ್ಬರ ಮಧ್ಯೆ ಇರಲಿ, ಉತ್ತರ ಬೇಡ.)

ನೀವು ಬಾಯಿ ಬಿಡದಿದ್ರೂ ಸಿಸ್ಟಮ್‌ನ ಲಾಗ್ ಬಾಯಿ ಬಿಡತ್ತೆ, ಅದೇ ಗ್ರಹಚಾರ. ಪ್ರೋಸೆಸ್ ಮೈನಿಂಗ್ ಅಂತ ಒಂದಿದೆ. ನೆದರ್ಲೆಂಡ್ಸ್‌ನ ವಿಲ್ ವಾನ್ ಡರ್ ಆಲ್ಸ್ಟ್ ಅನ್ನೋ ಪ್ರೊಫೆಸರು ಬೆಳೆಸಿದ ವಿದ್ಯೆ. ಅದಕ್ಕೆ ಮೂರೇ ಕಾಲಮ್ ಸಾಕು: ಯಾವ ಬಿಲ್, ಏನಾಯ್ತು, ಎಷ್ಟೊತ್ತಿಗೆ. ಯಾರು ಒತ್ತಿದ್ದು ಅನ್ನೋ ನಾಲ್ಕನೇದೂ ಇದ್ರೆ ಹೆಸರೂ ಸಿಗತ್ತೆ. ಕನ್ಸಲ್ಟೆಂಟ್ ಮುಂದೆ ನೀವು ಬೋರ್ಡ್ ಮೇಲೆ ಬರೆದ ನೀಟಾದ ಬಾಣದ ಗುರುತುಗಳನ್ನ ಪಕ್ಕಕ್ಕಿಟ್ಟು, ನಿಜವಾಗಿ ಬಿಲ್ಲು ಎಲ್ಲೆಲ್ಲಿ ಸುತ್ತಿತು, ಎಲ್ಲಿ ಹಿಂದಕ್ಕೆ ಬಂತು, ಯಾರ ಹೆಸರಿನ ಕೆಳಗೆ ಎಷ್ಟು ದಿನ ಮಲಗಿತ್ತು ಅಂತ ಚಿತ್ರ ಬಿಡಿಸಿಕೊಡತ್ತೆ. ಶುಕ್ರವಾರ ಸಂಜೆಯ ನಿಮ್ಮ ಟಕಟಕವೂ ಅದರಲ್ಲಿರತ್ತೆ, ಸೆಕೆಂಡು ಸಮೇತ.

ಒಂದು ಉಪಕಾರ ಮಾಡಿ. ಹೊಸ ಬಾಟ್‌ಗೆ ಆರ್ಡರ್ ಹಾಕೋ ಮುಂಚೆ ಐಟಿಯವರ ಹತ್ತಿರ ಆ ನಾಲ್ಕೂ ಕಾಲಮ್ ತರಿಸಿಕೊಳ್ಳಿ. ಯಾರಿಗೂ ಸಿಸಿ ಹಾಕದೆ, ಬಾಗಿಲು ಮುಂದೆ ಮಾಡಿಕೊಂಡು, ನಿಮ್ಮ ಹೆಸರಿನ ಎದುರು ಏನಿದೆ ನೋಡಿ. ಹಾಂ, ಮರೆತಿದ್ದೆ: ಲಾಗ್ ಬೇಕಂದ್ರೆ ರಿಕ್ವೆಸ್ಟ್ ಹಾಕಬೇಕು, ಆ ರಿಕ್ವೆಸ್ಟ್ ಅಪ್ರೂವಲ್‌ಗೆ ಬರೋದು ನಿಮ್ಮ ಹತ್ತಿರವೇ. ಅದೊಂದನ್ನಾದ್ರೂ ಇವತ್ತೇ ಒತ್ತಿಬಿಡಿ ಸಾರ್.