ಮಧ್ಯಮಗಾತ್ರ ಚಲಗೃಹ ಮೀಮಾಂಸೆ

ಶಾಸ್ತ್ರಗ್ರಂಥ ಅಂದಮೇಲೆ ಮೊದಲು ಅನುಬಂಧ ಚತುಷ್ಟಯ ಹೇಳಿಬಿಡಬೇಕು. ಇಲ್ಲದಿದ್ದರೆ ಪಂಡಿತರು ಪುಟ ಮಗುಚುವುದಿಲ್ಲ. ವಿಷಯ: ಮಧ್ಯಮಗಾತ್ರದ ಮೋಟಾರ್‌ಹೋಮ್, ಸಿನಿಮಾ ಶೂಟಿಂಗ್ ನೋಡಿದವರ ಬಾಯಲ್ಲಿ ಕ್ಯಾರವಾನ್. ಪ್ರಯೋಜನ: ಅದನ್ನು ಕೊಳ್ಳುವುದು, ಅಥವಾ ಕೊಳ್ಳದೆ ಬಚಾವಾಗುವುದು. ಅಧಿಕಾರಿ, ಅಂದರೆ ಈ ಗ್ರಂಥವನ್ನು ಓದಲು ಅರ್ಹನಾದವನು: ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಆಸುಪಾಸಿನಲ್ಲಿ ನಾಲ್ಕಾರು ಎಕರೆ ಕಾಫಿ ಇಟ್ಟುಕೊಂಡು, ರೇಟು ಏರಿದ ವರ್ಷ ಕೈಗೆ ಬಂದ ದುಡ್ಡನ್ನು ಏನು ಮಾಡುವುದೆಂದು ನಿದ್ದೆಗೆಟ್ಟವನು. ನಾಲ್ಕನೆಯದು ಸಂಬಂಧ. ಮಲೆನಾಡಿನಲ್ಲಿ ಅದು ಒಂದು ವಾಕ್ಯದಲ್ಲಿ ಮುಗಿಯುವ ಬಾಬತ್ತಲ್ಲವಾದ್ದರಿಂದ ಮುಂದೆ ಪ್ರತ್ಯೇಕ ಪ್ರಕರಣವನ್ನೇ ಇಟ್ಟಿದೆ.

ಇನ್ನು ಪೂರ್ವಾಚಾರ್ಯರ ಸ್ಮರಣೆ. ಈ ಶಾಸ್ತ್ರದ ಆದಿಪುರುಷ ಸ್ಕಾಟ್ಲೆಂಡಿನ ಗಾರ್ಡನ್ ಸ್ಟೇಬಲ್ಸ್. ಬ್ರಿಟಿಷ್ ನೌಕಾಪಡೆಯಲ್ಲಿ ವೈದ್ಯನಾಗಿದ್ದು, ಆಮೇಲೆ ಹುಡುಗರಿಗೆ ಸಾಹಸದ ಕಥೆ ಬರೆದುಕೊಂಡಿದ್ದವನು. 1885ರಲ್ಲಿ ಬ್ರಿಸ್ಟಲ್ಲಿನ ವ್ಯಾಗನ್ ಕಾರ್ಖಾನೆಯಲ್ಲಿ ‘ವಾಂಡರರ್’ ಎಂಬ ಮರದ ಮನೆಗಾಡಿ ಕಟ್ಟಿಸಿದ. ಎರಡು ಕುದುರೆ ಹೂಡಿ, ನಾಯಿ, ಗಿಣಿ, ಗಾಡಿ ಹೊಡೆಯುವವ, ಒಬ್ಬ ಆಳು, ಇಷ್ಟು ಪರಿವಾರ ಕಟ್ಟಿಕೊಂಡು ಊರು ಸುತ್ತಲು ಹೊರಟ. ಆಳಿನ ಕೆಲಸ ಮೂರು ಚಕ್ರದ ಸೈಕಲ್ ಏರಿ ಮುಂದೆ ಹೋಗಿ, ಹಿಂದೆ ದೊಡ್ಡದೊಂದು ಬರುತ್ತಿದೆಯೆಂದು ಎದುರಿನವರನ್ನು ಎಚ್ಚರಿಸುವುದು. ಅಲ್ಲಿಂದೀಚೆಗೆ ಈ ವಿದ್ಯೆಯಲ್ಲಿ ಏನೇನೋ ಸುಧಾರಣೆ ಆಗಿವೆ. ಕೊಟ್ಟಿಗೆಹಾರದಿಂದ ಕೆಳಗಿಳಿಯುವವರಿಗೆ ಇವತ್ತಿಗೂ ಬೇಕಾಗಿರುವವನು ಆ ಸೈಕಲ್ಲಿನವನೇ.

ಎರಡನೆಯ ಆಚಾರ್ಯಪೀಠ ಅಮೆರಿಕದ ಪಿಯರ್ಸ್-ಆರೋ ಕಂಪನಿ. 1910ರಲ್ಲಿ ಅದು ಹೊರತಂದ ‘ಟೂರಿಂಗ್ ಲ್ಯಾಂಡೋ’ ಎಂಬ ಮೋಟಾರಿನಲ್ಲಿ ಹಿಂದಿನ ಸೀಟು ಬಿಡಿಸಿದರೆ ಮಂಚ, ಡ್ರೈವರ್ ಸೀಟಿನ ಬೆನ್ನಿಗೆ ಮಡಚುವ ಸಿಂಕು, ಜೊತೆಗೊಂದು ಶೌಚದ ಪಾತ್ರೆ. ಡ್ರೈವರನ ಬೆನ್ನಿಗೆ ನಿಂತು ತಟ್ಟೆ ತೊಳೆಯುವ ಈ ಪದ್ಧತಿ ನಮ್ಮಲ್ಲಿ ಯಾಕೆ ಬೇರೂರಲಿಲ್ಲ ಎಂದು, ಮಲೆನಾಡಿನ ಡ್ರೈವರುಗಳನ್ನು ಬಲ್ಲ ಯಾರೂ ಕೇಳುವುದಿಲ್ಲ.

ಈಗ ಲಕ್ಷಣ ಪ್ರಕರಣ. ಮಲಗುವುದಕ್ಕೂ ಬೇಯಿಸುವುದಕ್ಕೂ ಅನುಕೂಲವಿರುವ ವಾಹನವೇ ಚಲಗೃಹ ಎಂದರೆ ಅತಿವ್ಯಾಪ್ತಿ ದೋಷ ಬರುತ್ತದೆ, ಏಕೆಂದರೆ ಹೆದ್ದಾರಿ ಬದಿಯಲ್ಲಿ ಸ್ಟವ್ ಹಚ್ಚಿ ಅನ್ನಕ್ಕಿಟ್ಟು ಕ್ಯಾಬಿನ್ನಿನಲ್ಲಿ ಮಲಗುವ ಲಾರಿಯವರೆಲ್ಲ ಒಳಗೆ ಬಂದುಬಿಡುತ್ತಾರೆ. ಈ ತೊಡಕನ್ನು ಕೇಂದ್ರ ಸರ್ಕಾರದ ಎಐಎಸ್-124 ಎಂಬ ಸೂತ್ರಗ್ರಂಥ ಬಿಡಿಸಿದೆ. ಅದರ ಮತದಲ್ಲಿ ಕೂರುವ ಸೀಟು ಮತ್ತು ಮೇಜು, ಮಲಗುವ ಜಾಗ, ಅಡುಗೆ ಸೌಕರ್ಯ, ಸಾಮಾನಿಡುವ ಕಪಾಟು, ಇವೆಲ್ಲ ಗಾಡಿಗೇ ಬಿಗಿದಿರಬೇಕು, ಮೇಜೊಂದನ್ನು ಎತ್ತಿಡಬಹುದು. ಲಾರಿಯವನ ಸ್ಟವ್ ಬಿಗಿದಿಲ್ಲ, ಆದ್ದರಿಂದ ಅವನು ಹೊರಗೆ. ಸರ್ಕಾರದ ಕಾಗದವೊಂದು ತರ್ಕಶಾಸ್ತ್ರದ ಪರೀಕ್ಷೆಯಲ್ಲಿ ಪಾಸಾಗುವುದು ಅಪರೂಪ; ಅದನ್ನಿಲ್ಲಿ ಮನಸಾರೆ ಒಪ್ಪಿಕೊಂಡಿದೆ.

ಕಷ್ಟವಿರುವುದು ‘ಮಧ್ಯಮ’ ಎಂಬಲ್ಲಿ. ಅಮೆರಿಕದವರು ಚಲಗೃಹಗಳನ್ನು ಎ, ಬಿ, ಸಿ ಎಂದು ಮೂರು ದರ್ಜೆ ಮಾಡುತ್ತಾರೆ. ಬಸ್ಸಿನಂಥದ್ದು ಎ. ವ್ಯಾನಿನ ಹೊಟ್ಟೆಯೊಳಗೇ ಮನೆ ಅಡಕಿದ್ದು ಬಿ. ಡ್ರೈವರ್ ತಲೆಯ ಮೇಲೆ ಅಟ್ಟ ಚಾಚಿಕೊಂಡ, ಇವೆರಡರ ನಡುವಿನದು ಸಿ. ಅನರ್ಥ ಶುರುವಾಗುವುದು ಇಲ್ಲಿಯೇ. ಕಾಫಿ ಬೆಳೆಗಾರನಿಗೆ ಎ, ಬಿ, ಸಿ ಹೊಸದಲ್ಲ. ಕ್ಯೂರಿಂಗ್ ವರ್ಕ್ಸಿನ ಚೀಟಿಯಲ್ಲಿ ಅವನು ಅಪ್ಪನ ಕಾಲದಿಂದ ನೋಡುತ್ತ ಬಂದದ್ದೇ ಅದು. 6.65 ಮಿಲಿಮೀಟರ್ ತೂತಿನ ಜರಡಿಯಲ್ಲಿ ನಿಂತ ಬೀಜ ಪ್ಲಾಂಟೇಷನ್ ಎ, ಅಲ್ಲಿಂದ ಜಾರಿ 6 ಮಿಲಿಮೀಟರಿನದರಲ್ಲಿ ನಿಂತದ್ದು ಬಿ, ಅಲ್ಲೂ ನಿಲ್ಲದ ಸಣ್ಣ ಕಾಳು ಸಿ. ಬಿಗಿಂತ ಸಿ ದೊಡ್ಡದೆಂದು ಅಮೆರಿಕದ ಶಾಸ್ತ್ರ ಹೇಳಿದರೆ ಅವನು ಆ ಶಾಸ್ತ್ರಕ್ಕೇ ಕೈಮುಗಿಯುತ್ತಾನೆ. ಸಾಲದ್ದಕ್ಕೆ, ಕೈತುಂಬ ದುಡ್ಡು ಸುರಿದು ಸಿ ಗ್ರೇಡು ತಂದನೆಂದರೆ ಹೆಣ್ಣು ಕೊಟ್ಟ ಮಾವ ಸುಮ್ಮನಿದ್ದಾರೆಯೆ?

ಹೀಗಾಗಿ ಪ್ರಸ್ತುತ ಗ್ರಂಥಕರ್ತನು ಸ್ವದೇಶೀ ಜರಡಿಯೊಂದನ್ನು ಪ್ರತಿಪಾದಿಸುತ್ತಾನೆ. ಅದರ ಹೆಸರು ಚಾರ್ಮಾಡಿ ಘಾಟಿ. ಮೂಡಿಗೆರೆ ಕಡೆಯಿಂದ ಗಾಡಿಯನ್ನು ಜರಡಿಗೆ ಹಾಕಬೇಕು. ಉಜಿರೆ ಕಡೆ ಉದುರಿದರೆ ಅದು ಮಧ್ಯಮ ಅಥವಾ ಸಣ್ಣದು, ತಿರುವಿನಲ್ಲಿ ನಿಂತರೆ ದೊಡ್ಡದು. ಇದು ಕಲ್ಪನೆಯ ಮಾತಲ್ಲ. 2019ರ ಆಗಸ್ಟಿನ ಮಳೆಗೆ ಗುಡ್ಡ ಜರಿದು ಘಾಟಿ ಮುಚ್ಚಿತು. ಮತ್ತೆ ತೆರೆದಾಗ ಸಣ್ಣ ಗಾಡಿಗಳಿಗೆ ದಾರಿ ಬಿಟ್ಟು, ಭಾರಿ ವಾಹನಗಳನ್ನು ಬಹುಕಾಲ ತಡೆದೇ ಇಟ್ಟರು. ಪ್ರಕೃತಿ ಮತ್ತು ಜಿಲ್ಲಾಡಳಿತ ಸೇರಿ ಗ್ರೇಡಿಂಗ್ ಮಾಡಿದ ಬೇರೆ ನಿದರ್ಶನ ಬೇಕಿಲ್ಲ. ಇನ್ನೂ ನಯವಾದ ಜರಡಿ ಬೇಕೆನ್ನುವವರಿಗೆ ಹದಿನಾಲ್ಕು ಹೇರ್‌ಪಿನ್ನಿನ ಆಗುಂಬೆ ಇದೆ.

ತಿರುವಿನಲ್ಲಿ ಆಗುವುದೇನು ಎಂಬುದಕ್ಕೆ ಪ್ರತ್ಯಕ್ಷ ಪ್ರಮಾಣ ಕೊಡಬೇಕು. ಉದ್ದದ ಗಾಡಿ ತಿರುಗುವಾಗ ಮುಂದಿನ ಚಕ್ರ ಹಿಡಿದ ದಾರಿಯನ್ನು ಹಿಂದಿನದು ಹಿಡಿಯುವುದಿಲ್ಲ. ಅದು ಒಳಗೆ ಕೊಯ್ದುಕೊಂಡು ಚರಂಡಿಯ ಕಡೆಗೆ ಎಳೆಯುತ್ತದೆ. ಅದೇ ಹೊತ್ತಿಗೆ ಹಿಂಚಕ್ರದ ಆಚೆಗಿನ ಬಾಲ ಹೊರಕ್ಕೆ ಬೀಸಿ ತಡೆಗೋಡೆಯನ್ನು ಮೂಸುತ್ತದೆ. ಎರಡು ಚಕ್ರಗಳ ನಡುವಿನ ಅಂತರ ಹೆಚ್ಚಿದಷ್ಟೂ ಕೊಯ್ತ ಹೆಚ್ಚು, ಬಾಲ ಉದ್ದವಾದಷ್ಟೂ ಬೀಸು ಹೆಚ್ಚು. ನಮ್ಮಲ್ಲಿ ಚಲಗೃಹಕ್ಕೆ ಹೆಚ್ಚಾಗಿ ಆರಿಸುವ ಫೋರ್ಸ್ ಟ್ರಾವೆಲರ್, ಅಂದರೆ ಸಾಕ್ಷಾತ್ ಟಿಟಿ, 3350, 3700, 4020 ಮಿಲಿಮೀಟರ್ ಎಂದು ಬೇರೆ ಬೇರೆ ವ್ಹೀಲ್‌ಬೇಸಿನಲ್ಲಿ ಬರುತ್ತದೆ. ಷೋರೂಮಿನ ನುಣ್ಣನೆ ನೆಲದ ಮೇಲೆ ಮೊದಲನೆಯದಕ್ಕೂ ಕೊನೆಯದಕ್ಕೂ ಇರುವ ವ್ಯತ್ಯಾಸ ಒಂದು ಹಾಸಿಗೆ. ಘಾಟಿಯಲ್ಲಿ ಅದೇ ವ್ಯತ್ಯಾಸ ಒಂದು ರಿವರ್ಸ್, ಹಿಂದೆ ಹತ್ತು ಕಾರುಗಳ ಹಾರನ್ನು, ಕೆಳಗಿಳಿದು ಗಾಡಿಯ ಬೆನ್ನಿಗೆ ತಟ್ಟುತ್ತ ‘ಬರ್ಲಿ, ಬರ್ಲಿ, ಬರ್ಲಿ, ಹೋಲ್ಡಾನ್!’ ಎನ್ನುವ ಒಬ್ಬ ಅಪರಿಚಿತ.

ಪ್ರತ್ಯಕ್ಷದಲ್ಲಿ ನಂಬಿಕೆಯಿಲ್ಲದವರಿಗೆ ಆಪ್ತವಾಕ್ಯವಿದೆ. ಈ ಸೀಮೆಯಲ್ಲಿ ಆಪ್ತನೆಂದರೆ ಬಸ್ ಡ್ರೈವರ್. ಮಾಲೀಕರು ಮುಚ್ಚಿದ ಬಸ್ ಕಂಪನಿಯ ಕಾರ್ಮಿಕರೇ 1991ರಲ್ಲಿ ಕೊಪ್ಪದಲ್ಲಿ ಸಂಘ ಕಟ್ಟಿಕೊಂಡು ಸಹಕಾರ ಸಾರಿಗೆ ನಡೆಸಿದರು. 2020ರಲ್ಲಿ ಅದು ನಿಲ್ಲುವವರೆಗೆ ಈ ಗುಡ್ಡಗಳಲ್ಲಿ ಮಾತಾಡದೆ ಜರಡಿ ಹಿಡಿದವರು ಅವರು. ಇಲ್ಲಿಯ ಹಳೆಯ ಬಸ್ ಡ್ರೈವರ್ ಯಾವುದೇ ಗಾಡಿಯನ್ನು ಒಂದು ಸಲ ಕಣ್ಣಲ್ಲೇ ಅಳೆದು, ‘ಇದು ಕಳಸಕ್ಕೆ ಹೋಗತ್ತೆ, ಆದರೆ ನಿಮ್ಮ ಕೈಲಿ ಹೋಗಲ್ಲ’ ಎಂದರೆ ಅದಕ್ಕೆ ಮೇಲ್ಮನವಿಯಿಲ್ಲ. ಇಕ್ಕಟ್ಟಿನ ಗುಡ್ಡದ ರಸ್ತೆಯಲ್ಲಿ ಇಳಿಯುವ ಗಾಡಿ ನಿಂತು, ಹತ್ತುವುದಕ್ಕೆ ದಾರಿ ಬಿಡಬೇಕೆಂದು ನಿಯಮವೇ ಇದೆ. ಹೊಸ ಚಲಗೃಹದ ಯಜಮಾನ ಇದನ್ನು ಎದುರಿನ ಬಸ್ಸಿಗೆ ಓದಿ ಹೇಳುವ ಗೋಜಿಗೆ ಹೋಗಬಾರದು.

ಕ್ರಯ ಪ್ರಕರಣಕ್ಕೆ ಬಂದರೆ ಮೂರು ಮತಗಳಿವೆ. ಗಜಮತದವರು ಬಸ್ ಚಾಸಿಯನ್ನೇ ಹಿಡಿಯುತ್ತಾರೆ; ರಾಜ್ಯದ ಪ್ರವಾಸೋದ್ಯಮ ನೀತಿ ಕ್ಯಾರವಾನಿಗೆ ಮಣೆ ಹಾಕಿದ 2020ರಲ್ಲೇ ಬೆಂಗಳೂರಿನಲ್ಲಿ ಬಾಡಿಗೆಗೆ ಬಂದ ಲಕ್ಸ್‌ಕ್ಯಾಂಪರ್ ಈ ಪಂಥದ್ದು, ಭಾರತ್‌ಬೆಂಜ್ ಚಾಸಿಯ ಮೇಲೆ ಕೂತದ್ದು. ಅಶ್ವಮತದವರು ಬೊಲೆರೊ ಪಿಕಪ್ಪಿನ ಬೆನ್ನಿಗೆ ಗೂಡು ಕಟ್ಟುತ್ತಾರೆ; 2022ರಲ್ಲಿ ಮಹೀಂದ್ರ ಕಂಪನಿ ಮದ್ರಾಸ್ ಐಐಟಿಯ ಆಶ್ರಯದಲ್ಲಿ ಬೆಳೆದ ಸಂಸ್ಥೆಯೊಂದರ ಜೊತೆ ಒಪ್ಪಂದ ಮಾಡಿಕೊಂಡದ್ದು ಇದಕ್ಕೇ. ಎಸ್ಟೇಟಿನವರಿಗೆ ಈ ಮತ ಹಿಡಿಸುವುದಿಲ್ಲ. ಗೊಬ್ಬರವೂ ಆಳುಗಳೂ ಓಡಾಡುವ ಪಿಕಪ್ಪಿನಲ್ಲೇ ಮಲಗಬೇಕೆಂದರೆ ಸಾಲ ಯಾಕೆ ಮಾಡಬೇಕು ಎಂಬುದು ಅವರ ಆಕ್ಷೇಪ. ನಡುವೆ ಉಳಿಯುವುದು ಟಿಟಿ ಮತ.

ಟಿಟಿ ಮತಸ್ಥನು ನೆನಪಿಡಬೇಕಾದದ್ದು 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. ಆರ್‌ಸಿಯಲ್ಲಿ ಇರುವ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಿಸುವ ಹಾಗಿಲ್ಲ ಎಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ಬಿಗಿಯಾಗಿಯೇ ಹೇಳಿದೆ. ಆದ್ದರಿಂದ ಪರಿಚಯದ ಗ್ಯಾರೇಜಿನವನು ‘ಸೀಟು ಕಿತ್ತು ಮಂಚ ಹಾಕ್ಕೊಡ್ತೀನಿ ಬಿಡಿ ಗೌಡ್ರೇ’ ಎಂದಾಗ ಕಾಫಿ ಕುಡಿಸಿ ಕಳಿಸಬೇಕು. ಮಂಜೂರಾದ ವಿನ್ಯಾಸದ ಪ್ರಕಾರ ಬಾಡಿ ಕಟ್ಟುವವರಲ್ಲಿಗೇ ಹೋಗಿ, ಸ್ವಂತ ಬಳಕೆಯ ಕ್ಯಾಂಪರ್ ವ್ಯಾನ್ ಎಂದೇ ಕೆಎ-18ರ ನಂಬರು ಹಾಕಿಸಬೇಕು. ಒಂದು ಸಮಾಧಾನವೆಂದರೆ ಒಟ್ಟು ತೂಕ 7,500 ಕಿಲೋ ಒಳಗಿದ್ದರೆ ಕಾರಿನ ಲೈಸೆನ್ಸೇ ಸಾಕು.

ಒಳಗಿನ ಅಂಗಗಳಲ್ಲಿ ಮೊದಲನೆಯದು ಅಡುಗೆಮನೆ. ಎಐಎಸ್-124 ಇದನ್ನು ಕಡ್ಡಾಯ ಮಾಡಿರುವುದರಿಂದ ಬಿಡುವಂತಿಲ್ಲ. ಆದರೆ ನ್ಯಾಯಶಾಸ್ತ್ರದ ಪ್ರಕಾರ ಇದು ಅನ್ಯಥಾಸಿದ್ಧ, ಮಡಕೆಯ ಹುಟ್ಟಿಗೆ ಕುಂಬಾರನ ಕತ್ತೆ ಎಷ್ಟು ಕಾರಣವೋ ಅಷ್ಟೇ. ಹೊರನಾಡಿನಲ್ಲಿ ಅನ್ನಪೂರ್ಣೇಶ್ವರಿ ಯಾರನ್ನೂ ಹಸಿದು ಕಳಿಸುವುದಿಲ್ಲ. ಆಚೆ ಶೃಂಗೇರಿ, ಘಾಟಿ ಇಳಿದರೆ ಧರ್ಮಸ್ಥಳ, ಎರಡು ಕಡೆಯೂ ಎಲೆ ಹಾಕಿಯೇ ಇರುತ್ತದೆ. ಇವುಗಳ ನಡುವೆ ಹಸಿವಾದರೆ ಕೊಟ್ಟಿಗೆಹಾರದಲ್ಲಿ ನೀರುದೋಸೆ. ಇಂಥ ಭೂಪಟದ ಮೇಲೆ ಗ್ಯಾಸ್ ಒಲೆ ಹೊತ್ತು ತಿರುಗುವುದು ದೇವರ ಮೇಲಿನ ಅಪನಂಬಿಕೆ.

ನೀರಿನ ಲೆಕ್ಕ ಸುಲಭ: ನೂರು ಲೀಟರಿನ ಟ್ಯಾಂಕು ತುಂಬಿದರೆ ನೂರು ಕಿಲೋ, ಅಂದರೆ ಎರಡು ಮೂಟೆ ಚೆರಿ. ಮೂಟೆಯಾದರೆ ಇಟ್ಟಲ್ಲೇ ಇರುತ್ತದೆ. ನೀರು ಪ್ರತಿ ತಿರುವಿನಲ್ಲೂ ಡ್ರೈವರನ ವಿರುದ್ಧ ದಿಕ್ಕಿಗೆ ವಾಲುತ್ತದೆ. ಇಷ್ಟು ಕಷ್ಟಪಟ್ಟು ಹೊತ್ತ ನೀರು, ಹಂಡೆಯಿಂದ ತಂಬಿಗೆ ತಂಬಿಗೆ ಸುರಿದುಕೊಂಡು ಬೆನ್ನು ಕೆಂಪಾಗದೆ ಸ್ನಾನ ಆಯಿತೆನ್ನದ ಮಲೆನಾಡಿಗನಿಗೆ ಒಂದು ಹೊತ್ತಿಗೆ ಸಾಕು. ಏಸಿ ಹಾಕಿಸಿಕೊಳ್ಳಿ ಎಂದು ಮಾರುವವರು ಒತ್ತಾಯಿಸುತ್ತಾರೆ. ಕುದುರೆಮುಖದ ಕಡೆಯಿಂದ ಗಾಳಿ ಬೀಸುವ ಊರಿನಲ್ಲಿ ಏಸಿ ಯಾರಿಗೆ? ಬೇಕಾಗಿರುವುದು ಒದ್ದೆ ಬಟ್ಟೆ ಒಣಗಿಸುವ ಬಚ್ಚಲೊಲೆ. ಅದರ ಪ್ರಸ್ತಾಪ ಯಾವ ಕ್ಯಾಟಲಾಗಿನಲ್ಲೂ ಇಲ್ಲ. ಆರಿದ್ರಾ ಮಳೆಗೆ ಕಪಾಟಿನ ಪ್ಲೈವುಡ್ ಉಬ್ಬುತ್ತದೆ. ಪುನರ್ವಸುವಿಗೆ ಬಾಗಿಲು ಹಾಕಲು ಭುಜ ಕೊಡಬೇಕು. ಪುಷ್ಯ ಮಳೆಯ ಹೊತ್ತಿಗೆ ಹಾಸಿಗೆಯ ಮೂಲೆಯಲ್ಲಿ ಹಸಿರು ಬೂಷ್ಟು ಹತ್ತಿ, ಸೀಟಿನ ರೆಕ್ಸಿನ್ನಿನ ಮೇಲೆ ಒಂದು ಇಂಬಳ ತಲೆಯೆತ್ತಿ ಯಾರು ಬರುತ್ತಾರೋ ಎಂದು ಗಾಳಿಯಲ್ಲಿ ತಡವುತ್ತಿರುತ್ತದೆ. ಆಶ್ಲೇಷದ ಮೇಲೆ ಸಂಶೋಧನೆ ಮುಂದುವರಿಸಲು ಯಾರೂ ಒಳಗೆ ಹೋಗಿಲ್ಲ.

ಇನ್ನು ಮಾತು ಕೊಟ್ಟ ಸಂಬಂಧ ಪ್ರಕರಣ. ಚಲಗೃಹದ ಮೂಲತತ್ತ್ವ, ಎಲ್ಲಿ ಬೇಕಾದರೂ ನಿಲ್ಲಿಸಿ ಮಲಗಬಹುದು ಎಂಬುದು. ಈ ತತ್ತ್ವವನ್ನು ನಮ್ಮ ಸೀಮೆಯಲ್ಲಿ ಪರೀಕ್ಷಿಸೋಣ. ಕುದುರೆಮುಖ ರಾಷ್ಟ್ರೀಯ ಉದ್ಯಾನದ ರಸ್ತೆಯಲ್ಲಿ ನಿಲ್ಲಿಸುವಂತಿಲ್ಲ, ಅರಣ್ಯ ಇಲಾಖೆ ಬಿಡುವುದಿಲ್ಲ. ಮೂಡಿಗೆರೆ, ಆಲ್ದೂರು ಕಡೆ ತೋಟದಂಚಿನಲ್ಲಿ ನಿಲ್ಲಿಸಬಹುದು, ಆದರೆ ಒಳಗೆ ಹಲಸಿನಹಣ್ಣಿದ್ದರೆ ಆನೆ ಬಿಡುವುದಿಲ್ಲ. ಮಳೆ ಜೋರಾಗಿ ಭದ್ರೆ ಹೆಬ್ಬಾಳೆ ಸೇತುವೆಯ ಮೇಲೆ ಹರಿದರೆ ಹೊರನಾಡಿಗೆ ಆ ದಾರಿಯಲ್ಲಿ ಹೋಗುವಂತೆಯೇ ಇಲ್ಲ. ಉಳಿದದ್ದು ನೆಂಟರ ಅಂಗಳ. ಇಲ್ಲಿ ಹತ್ತು ಮೈಲಿಗೊಬ್ಬ ಚಿಕ್ಕಮ್ಮ, ಐದು ಮೈಲಿಗೊಬ್ಬ ಭಾವ. ಅಂಗಳದಲ್ಲಿ ಗಾಡಿ ನಿಂತ ಕೂಡಲೇ ಚಿಕ್ಕಮ್ಮ ಹೊರಗೆ ಬಂದು, ‘ಇದೇನೋ ಮಾರಾಯ, ಮನೆ ಬಾಗ್ಲಿಗೆ ಬಂದು ಗಾಡೀಲಿ ಮಲಗ್ತೀಯಾ? ನಮ್ಮನೇಲಿ ಹಾಸಿಗೆಗೆ ಬರ ಬಂದಿದ್ಯಾ?’ ಎಂದು ಕೇಳುತ್ತಾರೆ. ಇದಕ್ಕೆ ಉತ್ತರವಿಲ್ಲ. ಒಳಗೆ ಹೋಗಿ ಕಡುಬು ತಿಂದು, ಕಂಬಳಿ ಹೊದ್ದು ಮಲಗಬೇಕು. ರಾತ್ರಿಯಿಡೀ ಚಲಗೃಹದಲ್ಲಿ ಮಲಗುವುದು ಚಿಕ್ಕಮ್ಮನ ಮೊಮ್ಮಕ್ಕಳು. ಬೆಳಿಗ್ಗೆ ಶೌಚದ ಟ್ಯಾಂಕು ಭರ್ತಿ.

ಹಾಗಾದರೆ ಈ ವಸ್ತು ಕೊಳ್ಳಲೇಬಾರದೆ? ಇದು ದುಡುಕಿನ ಪೂರ್ವಪಕ್ಷ. ಕೊಳ್ಳುವುದಕ್ಕೆ ಈ ಸೀಮೆಯಲ್ಲಿ ಒಂದು ಗಟ್ಟಿ ಕಾರಣವಿದೆ, ಮತ್ತು ಯಾವ ಪಾಶ್ಚಾತ್ಯ ಆಚಾರ್ಯನಿಗೂ ಅದು ಹೊಳೆದಿಲ್ಲ. ಅದು ಹೋಂಸ್ಟೇ. ತೋಟದ ಯಜಮಾನ ಮೊದಲು ಹಳೆಯ ಔಟ್‌ಹೌಸನ್ನು ಬೆಂಗಳೂರಿನವರಿಗೆ ಕೊಟ್ಟ. ಆಮೇಲೆ ಮಕ್ಕಳ ಕೋಣೆ. ಆಮೇಲೆ, ಕ್ರಿಸ್‌ಮಸ್ ರಜೆಯ ನೂಕುನುಗ್ಗಲಿನಲ್ಲಿ, ಅಜ್ಜನ ಕಾಲದ ಬೀಟೆ ಮಂಚವಿದ್ದ ಸ್ವಂತ ಕೋಣೆ. ಸರಿಯಾಗಿ ಅದೇ ಹೊತ್ತಿಗೆ ಅರೇಬಿಕಾ ಕೊಯ್ಲು. ಕಣದ ತುಂಬ ಕಾಫಿ ಹರಡಿದೆ, ರಾತ್ರಿ ಕಾಯದಿದ್ದರೆ ಬೆಳಗಾಗುವಷ್ಟರಲ್ಲಿ ಮೂಟೆ ಮಾಯ. ಮಲಗಲು ಕೋಣೆಯಿಲ್ಲದ, ಕಾಯಲು ಕಾಫಿಯಿರುವ ಈ ಯಜಮಾನನಿಗೇ ದೇವರು ಟಿಟಿ ಚಾಸಿಯನ್ನು ಸೃಷ್ಟಿಸಿದ್ದು. ಗಾಡಿ ಕಣದ ಮೂಲೆಗೆ ಬಂದು ನಿಂತಿತು. ಘಾಟಿ, ಜರಡಿ, ವ್ಹೀಲ್‌ಬೇಸು ಎಲ್ಲ ಅಪ್ರಸ್ತುತವಾಗಿ, ಅವನು ಮೊದಲ ಬಾರಿಗೆ ಅದರಲ್ಲಿ ಸುಖವಾಗಿ ನಿದ್ದೆ ಮಾಡಿದ.

ಬೆಳಿಗ್ಗೆ ಹಲ್ಲುಜ್ಜುತ್ತ ಕಣದ ಕಡೆ ಬಂದ ಅತಿಥಿಗಳು ಗಾಡಿಯನ್ನು ಮೂರು ಸುತ್ತು ಹಾಕಿ, ಬಾಗಿಲಿನಲ್ಲಿ ಇಣುಕಿ ಕೇಳಿದರು: ‘ಅಂಕಲ್, ಇದರಲ್ಲಿ ಸ್ಟೇ ಮಾಡೋಕೆ ಎಷ್ಟು?’ ಯಜಮಾನ ಬೀಟೆ ಮಂಚದ ಕೋಣೆಯ ಒಂದೂವರೆ ಪಟ್ಟು ಹೇಳಿದ. ಅವರು ಚೌಕಾಸಿ ಮಾಡಲಿಲ್ಲ. ಆ ರಾತ್ರಿ ಅವನು ತನ್ನ ಕೋಣೆಗೆ, ತನ್ನ ಮಂಚಕ್ಕೆ ವಾಪಸಾದ. ಚಲಗೃಹ ಕೊಂಡದ್ದರಿಂದ ಸ್ವಗೃಹ ಪ್ರಾಪ್ತಿಯಾಯಿತು ಎಂಬ ಈ ಫಲಶ್ರುತಿಯನ್ನು ಸಿದ್ಧಾಂತವಾಗಿ ಸ್ಥಾಪಿಸಿದೆ.

ಸ್ವಂತ ಬಳಕೆಗೆಂದು ನೋಂದಣಿಯಾದ ಗಾಡಿಯನ್ನು ಬಾಡಿಗೆಗೆ ಕೊಡಬಹುದೇ ಎಂದು ಕೆಲವರು ಆಕ್ಷೇಪ ಎತ್ತಿದ್ದಾರೆ. ಯಜಮಾನನ ಸಮಾಧಾನ ಹೀಗಿದೆ: ಚಕ್ರ ಉರುಳುತ್ತಿಲ್ಲವಾದ್ದರಿಂದ ಅದು ವಾಹನವಲ್ಲ, ಆರ್‌ಟಿಓ ಸಾಹೇಬರಿಗೆ ಸಂಬಂಧವಿಲ್ಲ, ಚಕ್ರ ಇರುವುದರಿಂದ ಅದು ಮನೆಯೂ ಅಲ್ಲ, ಪಂಚಾಯ್ತಿ ಕಂದಾಯವೂ ಬರುವುದಿಲ್ಲ. ಈ ವಾದವನ್ನು ಅವನು ಆರ್‌ಟಿಓ ಎದುರು ಇನ್ನೂ ಮಂಡಿಸಿಲ್ಲ. ಸಿದ್ಧಾಂತದ ಬುಡಕ್ಕೇ ಕೈಹಾಕಿದ ಆಕ್ಷೇಪ ಬಂದದ್ದು ಯಜಮಾನ್ತಿಯವರಿಂದ, ರಾತ್ರಿ ದೀಪ ಆರಿಸುವ ಮುಂಚೆ: ‘ಅಲ್ರೀ, ನೀವಿಲ್ಲಿ ಮಲಗಿದ್ರೆ ಕಣ ಕಾಯೋರ್ಯಾರು?’

ಇದಕ್ಕೆ ಉತ್ತರಪಕ್ಷ ರಚಿಸುವಷ್ಟರಲ್ಲಿ ಎರಡು ಮೂಟೆ ಹೋಗಿದ್ದವು.