ಪೂರ್ವಭುಕ್ತ ಶಕಟ ಮೀಮಾಂಸೆ: ಬುಕ್ಕಾಂಬುಧಿ ಸೀಮೆಯ ಒಂದು ಪ್ರಮಾಣ ವಿಚಾರ

ಪೀಠಿಕೆ

ಹೊಸ ಕಾರು ಕೊಳ್ಳಲು ದುಡ್ಡಿದ್ದರೆ ಸಾಕು. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳಲು ದರ್ಶನಶಾಸ್ತ್ರ ಬೇಕು. ಹೊಸದರಲ್ಲಿ ಸಂಶಯವಿಲ್ಲ, ಸಂಶಯವಿಲ್ಲದ ಕಡೆ ಜಿಜ್ಞಾಸೆಯೂ ಇಲ್ಲ. ಕಳೆದ ವರ್ಷ ಈರುಳ್ಳಿಗೆ ಅಪರೂಪಕ್ಕೆ ರೇಟು ಬಂದದ್ದರಿಂದ ಪ್ರಸ್ತುತ ಲೇಖಕನಿಗೂ ಜಿಜ್ಞಾಸೆ ಹುಟ್ಟಿತು. ಅದರ ಫಲವೇ ಈ ಪ್ರಬಂಧ.

ಮೊದಲು ಕ್ಷೇತ್ರ ನಿರ್ಣಯ. ಅಜ್ಜಂಪುರ ತಾಲ್ಲೂಕಿನ ಬುಕ್ಕಾಂಬುಧಿಗೆ ಬೆಟ್ಟವೂ ಇದೆ, ಕೆರೆಯೂ ಇದೆ. ಅಂಬುಧಿ ಎಂದರೆ ಕಡಲು. ಇಲ್ಲಿಂದ ಕಡಲು ನೋಡಬೇಕಾದರೆ ಘಟ್ಟ ಇಳಿಯಬೇಕು. ಆದರೂ ಹಿರಿಯರು ಕೆರೆ ಕಟ್ಟಿ ಅದನ್ನೇ ಕಡಲೆಂದರು, ಯಾರೂ ತಕರಾರು ತೆಗೆಯಲಿಲ್ಲ. ಇಂಥ ಸೀಮೆಯಲ್ಲಿ 2011ರ ಗಾಡಿಯನ್ನು ದಲ್ಲಾಳಿಯೊಬ್ಬ ‘ಶೋರೂಂ ಕಂಡೀಷನ್’ ಎಂದರೆ ಅದು ಸುಳ್ಳಲ್ಲ, ಪರಂಪರೆ.

ಜ್ಞಾನಕ್ಕೆ ಎಷ್ಟು ಪ್ರಮಾಣಗಳು? ಚಾರ್ವಾಕರು ಒಂದೆಂದರು, ನೈಯಾಯಿಕರು ನಾಲ್ಕೆಂದರು, ಭಾಟ್ಟ ಮೀಮಾಂಸಕರೂ ಅದ್ವೈತಿಗಳೂ ಆರೆಂದರು. ಎರಡು ಲಕ್ಷದ ಹತ್ತಿರದ ವ್ಯವಹಾರವಾದ್ದರಿಂದ ನಾವು ಆರನ್ನೂ ಹಿಡಿದೆವು.

1. ಪ್ರತ್ಯಕ್ಷ

ಕಣ್ಣಿಗೆ ಕಂಡದ್ದೇ ಸತ್ಯವೆಂಬ ಚಾರ್ವಾಕನು ಪೇಂಟು ನೋಡಿ ಅಡ್ವಾನ್ಸ್ ಕೊಟ್ಟುಬಿಡುತ್ತಾನೆ. ನಾವು ಜೇಬಿನಲ್ಲಿ ಅಯಸ್ಕಾಂತ ಇಟ್ಟುಕೊಂಡು ಹೋದೆವು. ತಗಡಿಗೆ ಅದು ಅಂಟುತ್ತದೆ. ಏಟು ಬಿದ್ದು, ಪಟ್ಟಿ ಮೆತ್ತಿ, ಮೇಲೆ ಬಣ್ಣ ಹೊಡೆದ ಕಡೆ ಜಾರುತ್ತದೆ. ಎಡಗಡೆಯ ಹಿಂದಿನ ಬಾಗಿಲಿನ ಬಳಿ ಅದು ಜಾರಿ ನೆಲಕ್ಕೆ ಬಿತ್ತು. ‘ಅಯಸ್ಕಾಂತ ಹಳೇದಿರಬೇಕು ಸಾರ್’ ಎಂದ ದಲ್ಲಾಳಿ.

ಸ್ಪರ್ಶವೂ ಪ್ರತ್ಯಕ್ಷದಲ್ಲೇ ಸೇರುತ್ತದೆ. ಇಂಜಿನ್ ತಣ್ಣಗಿರುವಾಗ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗಬೇಕೆಂಬುದು ಪರೀಕ್ಷೆ. ಬೆಳಿಗ್ಗೆ ಏಳಕ್ಕೆ ಹೋಗಿ ಬಾನೆಟ್ ಮುಟ್ಟಿದರೆ ಆಗಷ್ಟೇ ಒಲೆಯಿಂದ ಇಳಿಸಿದ ಕಾವಲಿಯಂತಿತ್ತು. ಗಾಡಿ ನಮಗಿಂತ ಮುಂಚೆ ಎದ್ದಿತ್ತು.

2. ಅನುಮಾನ

ಬೆಟ್ಟದ ಮೇಲೆ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆ. ಇದು ತಾರ್ಕಿಕರು ಶತಮಾನಗಳಿಂದ ಕೊಡುತ್ತ ಬಂದಿರುವ ಒಂದೇ ಉದಾಹರಣೆ. ಅವರಿಗೆ ಊಹೆಯಲ್ಲಿದ್ದದ್ದು ನಮಗೆ ಟ್ರಯಲ್ಲಿನಲ್ಲೇ ದೊರೆಯಿತು. ಉಜ್ಜಯಿನಿಯ ಸಿದ್ಧಲಿಂಗ ಜಗದ್ಗುರುಗಳ ತಪೋಭೂಮಿಯೆಂದು ಭಕ್ತರು ನಡೆದುಕೊಳ್ಳುವ ಆ ಬೆಟ್ಟದ ಕಡೆಯ ಏರಿನಲ್ಲಿ ಸೆಕೆಂಡ್ ಗೇರಿಗೆ ಹಾಕಿದ ಕೂಡಲೇ ಬೆಟ್ಟವೂ ಎದುರಿಗಿತ್ತು, ಹೊಗೆಯೂ ಹಿಂದಿತ್ತು.

ಆದರೆ ಪ್ರಾಚೀನರು ಹೊಗೆಯ ಬಣ್ಣ ಕೇಳಲಿಲ್ಲ. ಕಪ್ಪಾದರೆ ಇಂಧನ ಹೆಚ್ಚಾಗಿ ಉರಿಯುತ್ತಿದೆ. ಬಿಳಿ ಹೊಗೆ ನಿಲ್ಲದೆ ಬಂದರೆ ಕೂಲೆಂಟ್ ಸಿಲಿಂಡರಿಗೆ ಇಳಿದಿರಬಹುದು. ನೀಲಿಯಾದರೆ ಇಂಜಿನ್ ಆಯಿಲ್ಲೇ ಉರಿಯುತ್ತಿದೆ, ರಿಂಗುಗಳು ಸವೆದಿರಬಹುದು. ನಮ್ಮದು ತೆಳು ನೀಲಿ. ದಲ್ಲಾಳಿ ‘ಚಳಿಗಾಲ ಅಲ್ವಾ ಸಾರ್’ ಎಂದ. ಆಗ ಮೇ ತಿಂಗಳು. ಇಂಥದ್ದಕ್ಕೆ ತರ್ಕದಲ್ಲಿ ಹೇತ್ವಾಭಾಸವೆಂದು ಹೆಸರು.

3. ಉಪಮಾನ

ಹಸುವನ್ನು ಮಾತ್ರ ಬಲ್ಲವನು ಕಾಡಿನಲ್ಲಿ ಗವಯವನ್ನು ಕಂಡು, ಹಸುವಿನ ಹೋಲಿಕೆಯಿಂದ ಅದನ್ನು ಗುರುತಿಸುವುದು ಉಪಮಾನ. ಈ ಪ್ರಮಾಣದ ಅಧಿಕಾರಿಯಾಗಿ ನಮ್ಮ ದೊಡ್ಡಪ್ಪ ಜೊತೆಗೆ ಬಂದಿದ್ದರು. ಅವರಿಗೆ ಕಾರು ತಿಳಿಯದು, ಎತ್ತು ಚೆನ್ನಾಗಿ ತಿಳಿಯುತ್ತದೆ. ತಿಳಿಯದಿದ್ದರೆ ಆಶ್ಚರ್ಯ: ಅಜ್ಜಂಪುರ ಅಮೃತ್ ಮಹಲ್ ತಳಿ ಸಂವರ್ಧನಾ ಕೇಂದ್ರದ ಊರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಅಮೃತ್ ಮಹಲ್ ಎಂಬ ಹೆಸರು ಬಂದದ್ದು ಟಿಪ್ಪುವಿನಿಂದ. ಈ ಎತ್ತುಗಳ ಬಲದಿಂದ ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆಯಿತೆಂದು ಹಳೆಯ ದಾಖಲೆಗಳು ಹೇಳುತ್ತವೆ. ಮೈಲೇಜಿನ ಬಗ್ಗೆ ಬಡಾಯಿ ಕೊಚ್ಚುವ ಹಕ್ಕು ಈ ಸೀಮೆಯಲ್ಲಿ ಮೊದಲು ಸಂದದ್ದು ಅವಕ್ಕೆ.

ದೊಡ್ಡಪ್ಪ ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಸುಳಿ ಹುಡುಕಿದರು, ಸಿಗಲಿಲ್ಲ. ‘ಇದಕ್ಕೆ ಹಲ್ಲು ಎಲ್ಲೈತೆ?’ ಎಂದರು. ನಾನು ಟೈರಿನ ಪಕ್ಕದ ನಾಲ್ಕು ಅಂಕಿ ತೋರಿಸಿದೆ: 1412. ಮೊದಲೆರಡು ವಾರ, ಕೊನೆಯೆರಡು ವರ್ಷ. 2012ರ 14ನೇ ವಾರದಲ್ಲಿ ತಯಾರಾದ ಟೈರು. ‘ಹಂಗಾರೆ ಬಾಯಿಗೂಡಿ ಬಾಳ ದಿನ ಆಗೈತೆ’ ಎಂದು ತೀರ್ಪು ಕೊಟ್ಟರು.

4. ಶಬ್ದ

ಶಬ್ದ ಇಬ್ಬಗೆ. ಒಂದು ಇಂಜಿನ್ನಿನದು, ಇನ್ನೊಂದು ಮಾರುವವನದು. ಮೊದಲನೆಯದು ತಗ್ಗಿದಾಗೆಲ್ಲ ಎರಡನೆಯದು ಏರುತ್ತಿತ್ತು. ‘ಸಿಂಗಲ್ ಓನರ್’, ‘ಡಾಕ್ಟರ್ ಓಡಿಸಿದ ಗಾಡಿ’, ‘ಒಂದು ರೂಪಾಯಿ ಕೆಲಸ ಇಲ್ಲ’ ಎಂಬ ಮೂರು ಮಹಾವಾಕ್ಯಗಳು ಎಲ್ಲ ಶಾಖೆಯ ದಲ್ಲಾಳಿಗಳಿಗೂ ಸಮಾನ.

ಬರಹದ ಶಬ್ದದಲ್ಲಿ ಆರ್‌ಸಿಯೇ ಶ್ರುತಿ, ಸರ್ವಿಸ್ ಪುಸ್ತಕ ಸ್ಮೃತಿ. ವಿರೋಧ ಬಂದರೆ ಶ್ರುತಿಯೇ ಬಲವತ್ತರ. ಸ್ಮೃತಿಯಲ್ಲಿ ಒಬ್ಬನೇ ಯಜಮಾನ, ಶ್ರುತಿಯಲ್ಲಿ ಮೂರನೆಯವನು. 1988ರ ಮೋಟಾರು ವಾಹನ ಕಾಯ್ದೆಯ 50ನೇ ಕಲಮಿನಂತೆ, ಗಾಡಿ ರಾಜ್ಯದೊಳಗೇ ನೋಂದಣಿಯಾಗಿದ್ದರೆ ಮಾರಿದವನು 14 ದಿನದೊಳಗೆ ವರದಿ ಕೊಡಬೇಕು, ಕೊಂಡವನು 30 ದಿನದೊಳಗೆ. ಫಾರಂ 29, ಫಾರಂ 30 ಇದರ ಮಂತ್ರಗಳು. ನಮ್ಮ ಕಡೆಯವರಿಗೆ ಯಜ್ಞಶಾಲೆ ಕೆಎ 66ರ ತರೀಕೆರೆ ಆರ್‌ಟಿಒ. ಹೆಸರು ಬದಲಾಗದೆ ಗಾಡಿ ಕೈ ಬದಲಿಸಿ ಅಪಘಾತವಾದರೆ ಪುಸ್ತಕದಲ್ಲಿ ಹೆಸರಿದ್ದವನೇ ಮಾಲೀಕ, ಪರಿಹಾರದ ಹೊಣೆ ಅವನದೇ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ದೇಹ ಬಿಟ್ಟರೂ ಕರ್ಮ ಬಿಡದೆಂಬ ಸಿದ್ಧಾಂತಕ್ಕೆ ಇದಕ್ಕಿಂತ ಸುಲಭವಾದ ವ್ಯಾಖ್ಯಾನ ಇನ್ನೊಂದಿಲ್ಲ.

5. ಅರ್ಥಾಪತ್ತಿ

ದಪ್ಪಗಿರುವ ದೇವದತ್ತ ಹಗಲು ಉಣ್ಣುವುದಿಲ್ಲ. ಹಾಗಾದರೆ ರಾತ್ರಿ ಉಣ್ಣುತ್ತಿರಬೇಕು. ಇದು ಮೀಮಾಂಸಕರ ಹೆಸರಾಂತ ದೃಷ್ಟಾಂತ. ನಮ್ಮ ಗಾಡಿಯ ಮೀಟರಿನಲ್ಲಿ 41,000 ಕಿಲೋಮೀಟರ್. ಬ್ರೇಕ್ ಪೆಡಲ್ಲಿನ ರಬ್ಬರ್ ಮಾತ್ರ ಸವೆದು ಕಬ್ಬಿಣ ಕಾಣುತ್ತಿತ್ತು, ಸ್ಟೇರಿಂಗ್ ಅಂಗೈ ತಿಕ್ಕಿ ತಿಕ್ಕಿ ನುಣುಪಾಗಿತ್ತು. ಈ ಗಾಡಿ ಮೀಟರಿಗೆ ಗೊತ್ತಾಗದಂತೆ ರಾತ್ರಿ ಓಡುತ್ತಿತ್ತೆಂದು ಕಲ್ಪಿಸದೆ ಗತ್ಯಂತರವಿಲ್ಲ. ಮೀಟರನ್ನೇ ಹಿಂದಕ್ಕೆ ತಿರುಗಿಸಿರಬಹುದೆಂಬ ಪೂರ್ವಪಕ್ಷವೂ ಉಂಟು. ಡಾಕ್ಟರ ಮೇಲಿನ ಗೌರವದಿಂದ ಅದನ್ನು ಇಲ್ಲಿ ವಿಸ್ತರಿಸಿಲ್ಲ.

6. ಅನುಪಲಬ್ಧಿ

ಇಲ್ಲದ್ದನ್ನು ಇಲ್ಲವೆಂದು ಅರಿಯುವುದು. ಡಿಕ್ಕಿ ತೆಗೆದೆವು: ಜಾಕ್ ಇಲ್ಲ, ಸ್ಪ್ಯಾನರ್ ಇಲ್ಲ, ಸ್ಟೆಪ್ನಿಯ ಜಾಗದಲ್ಲಿ ಒಂದು ಗೋಣಿಚೀಲ. ಆರರಲ್ಲಿ ಇದೊಂದೇ ಪ್ರಮಾಣ ವಿವಾದಕ್ಕೆ ಎಡೆಗೊಡಲಿಲ್ಲ.

ಸಿದ್ಧಾಂತ

ಇಲ್ಲಿಗೆ ಆರೂ ಪ್ರಮಾಣಗಳು ಒಮ್ಮತದಿಂದ ‘ಬೇಡ’ ಎಂದವು. ಶಾಸ್ತ್ರಗಳಲ್ಲಿ ಇಷ್ಟು ಒಗ್ಗಟ್ಟು ಅಪರೂಪ. ಅದರ ಮೇಲೆ ದೊಡ್ಡಪ್ಪ ಯಾವ ದರ್ಶನದಲ್ಲೂ ಇಲ್ಲದ ಪ್ರಶ್ನೆ ಕೇಳಿದರು: ‘ಅಷ್ಟು ಚೆನ್ನಾಗಿದ್ರೆ ಯಾಕ್ ಮಾರ್ತೀರಪ್ಪ?’

‘ಅವ್ರು ದೊಡ್ಡ ಗಾಡಿ ತಗೋತಾವ್ರೆ ಅಜ್ಜಾರೆ.’

‘ಬೀರೂರಲ್ಲಿ ನಂಗೆ ಕುಂಟೆತ್ತು ಕಟ್ಟಿದೋನೂ ಟ್ರ್ಯಾಕ್ಟರ್ ತಗೋತೀನಿ ಅಂದಿದ್ದ’ ಎಂದ ದೊಡ್ಡಪ್ಪ ಹೆಗಲ ಮೇಲಿನ ಟವೆಲ್ ತೆಗೆದು ಅಂಗೈ ಮೇಲೆ ಹರಡಿ, ಅದರಡಿ ಬೆರಳು ಹಿಡಿಯಲು ಕೈ ಚಾಚಿದರು. ದಲ್ಲಾಳಿ ಹುಡುಗ ಅರ್ಥವಾಗದೆ ಆ ಟವೆಲ್ಲಿನ ಮೇಲೆ ತನ್ನ ಮೊಬೈಲ್ ಇಟ್ಟ. ಕ್ಯಾಲ್ಕುಲೇಟರಿನಲ್ಲಿ 1,85,000 ಎಂದಿತ್ತು.

ನಾನು ಅಲ್ಲಿಂದ ಎದ್ದು ಬರಬೇಕಿತ್ತು. ತಿರುಗಿ ನೋಡಿದರೆ ಮಕ್ಕಳಿಬ್ಬರೂ ಆಗಲೇ ಹಿಂದಿನ ಸೀಟಿನಲ್ಲಿ ಕೂತು, ಕಿಟಕಿ ಯಾರದೆಂದು ಕಿತ್ತಾಡುತ್ತಿದ್ದರು. ಹೆಂಡತಿ ಡ್ಯಾಷ್‌ಬೋರ್ಡಿನ ಮೇಲೆ ದೇವರನ್ನು ಎಲ್ಲಿಡಬಹುದೆಂದು ಬೆರಳಿನಿಂದ ಅಳೆಯುತ್ತಿದ್ದಳು. ಆಗ ಸಿದ್ಧಾಂತ ಹೊಳೆಯಿತು: ಪ್ರಮಾಣಗಳಿರುವುದು ಗಾಡಿಯನ್ನು ಬೇಡವೆನ್ನಲಿಕ್ಕಲ್ಲ, ಬೆಲೆ ಇಳಿಸಲಿಕ್ಕೆ. ಆರು ಪ್ರಮಾಣಕ್ಕೆ ತಲಾ ಐದು ಸಾವಿರದಂತೆ ಇಳಿದು 1,55,000ಕ್ಕೆ ವ್ಯಾಪಾರ ಕುದುರಿತು.

ಫಲಶ್ರುತಿ

ಬರುವಾಗ ಕೆರೆ ಏರಿಯ ಮೇಲೆ ಗಾಡಿ ನಿಂತಿತು. ಎಷ್ಟು ಸೆಲ್ಫ್ ಹೊಡೆದರೂ ಏಳಲಿಲ್ಲ. ಒಂದು ಕಡೆ ಕಡಲೆಂಬ ಹೆಸರಿನ ನೀರು, ಇನ್ನೊಂದು ಕಡೆ ತೋಟ, ನಡುವೆ ಶೋರೂಂ ಕಂಡೀಷನ್. ನಾನು ದಲ್ಲಾಳಿಯ ನಂಬರ್ ಹುಡುಕುತ್ತಿದ್ದೆ. ದೊಡ್ಡಪ್ಪ ನಿಧಾನಕ್ಕೆ ಇಳಿದು, ಟವೆಲ್ಲಿನಿಂದ ಬಾನೆಟ್ಟಿನ ಧೂಳು ಒರೆಸಿ, ಎರಡು ಸಲ ಮೆಲ್ಲಗೆ ತಟ್ಟಿದರು.

‘ಬಯ್ಬೇಡ ಕಣಪ್ಪ. ತಂದ ಎತ್ತಿಗೂ ಹೊಸ ಕೊಟ್ಟಿಗೆ ಒಗ್ಗಾಕೆ ಒಂದು ವಾರ ಬೇಕು. ಬಾ, ತಳ್ಳಾನ.’