ಕ್ಲಿಕ್ಕಿಗೆ ಕಾಸು, ಮಾರಾಟಕ್ಕೆ ಕಮಿಷನ್

ನಿಮ್ಮ ಹುಡುಗ ಹೇಳಿದ್ದರಲ್ಲಿ ಸುಳ್ಳಿಲ್ಲ ಅಕ್ಕಾ. ಅಂಗಡಿ ಇಲ್ಲ, ಗೋದಾಮಿಲ್ಲ, ಸಾಮಾನು ಹೊತ್ತು ಹಾಕುವ ಕೆಲಸವೂ ಇಲ್ಲ; ಆದರೂ ಗೂಗಲ್‌ನಲ್ಲಿ ಜಾಹೀರಾತು ಹಾಕಿ ಕಮಿಷನ್ ದುಡಿಯುವವರು ಇದ್ದಾರೆ. ನಾನು ಮಾಡುವುದೂ ಅದೇ ಕೆಲಸ. ಆದರೆ ಅವನು ನೋಡಿದ ವಿಡಿಯೊದವರು ‘ಮಲಗಿದ್ದರೂ ದುಡ್ಡು ಬರುತ್ತೆ’ ಅಂದಿದ್ದಾರಂತಲ್ಲ, ಅದೊಂದನ್ನು ನಂಬಬೇಡಿ. ನೋಡಿಕೊಳ್ಳದೆ ಬಿಟ್ಟರೆ ಇದರಲ್ಲಿ ದುಡ್ಡು ಹೋಗುವುದೇ ಹೆಚ್ಚು. ಅವನ ಕೈಗೆ ಇಪ್ಪತ್ತು ಸಾವಿರ ಇಡುವ ಮುಂಚೆ ಇದು ಹೇಗೆ, ಏನು ಅಂತ ಪೂರ್ತಿ ಕೇಳಿಸಿಕೊಳ್ಳಿ. ಕುಕ್ಕರ್ ಕೂಗಲಿ ಬಿಡಿ, ಇನ್ನೂ ಒಂದೇ ವಿಸಲ್ ಆಗಿರೋದು.

ವ್ಯವಹಾರ ಇಷ್ಟೇ. ಯಾರೋ ಒಬ್ಬರು ಗೂಗಲ್‌ನಲ್ಲಿ ‘ಬೋರ್‌ವೆಲ್ ನೀರಿಗೆ ಯಾವ ಫಿಲ್ಟರ್ ಒಳ್ಳೆಯದು’ ಅಂತ ಹುಡುಕುತ್ತಾರೆ. ಉತ್ತರಗಳ ಮೇಲ್ಗಡೆ ‘ಸ್ಪಾನ್ಸರ್ಡ್’ ಅಂತ ಗುರುತಿರುವ ಕೆಲವು ಸಾಲು ಬರುತ್ತವಲ್ಲ, ಅದರಲ್ಲೊಂದು ನನ್ನದು ಅಂತಿಟ್ಟುಕೊಳ್ಳಿ. ಅದನ್ನು ಒತ್ತಿದರೆ ನನ್ನ ಪುಟ ತೆರೆಯುತ್ತದೆ. ಒತ್ತಿದ್ದಕ್ಕೇ ಗೂಗಲ್ ನನ್ನ ಖಾತೆಗೆ ಇಷ್ಟು ಅಂತ ಖರ್ಚು ಹಾಕುತ್ತದೆ. ಅವರು ನನ್ನ ಪುಟ ಓದಿ, ಅಲ್ಲಿರುವ ಲಿಂಕ್ ಹಿಡಿದು ಆನ್‌ಲೈನ್ ಅಂಗಡಿಗೆ ಹೋಗಿ ಫಿಲ್ಟರ್ ಕೊಂಡರೆ ಅಂಗಡಿಯವರು ನನಗೆ ಕಮಿಷನ್ ಕೊಡುತ್ತಾರೆ. ಕೊಳ್ಳದಿದ್ದರೆ ಏನೂ ಇಲ್ಲ. ಅಂದರೆ ಖರ್ಚು ಖಚಿತ, ಅದು ಮೊದಲು. ಆದಾಯ ಬಂದರೆ ಬಂತು, ಅದೂ ತಡವಾಗಿ. ಕೊಂಡವರು ವಾಪಸ್ ಮಾಡುವ ಅವಧಿ ಮುಗಿಯುವವರೆಗೆ ಅಂಗಡಿಯವರು ಕಾಯುತ್ತಾರೆ. ಹಾಗಾಗಿ ಗೂಗಲ್‌ಗೆ ಈ ತಿಂಗಳು ಕಟ್ಟಿದ ದುಡ್ಡಿನ ಫಲ ಕೈಗೆ ಬರಲು ಒಂದೆರಡು ತಿಂಗಳು ಬೇಕಾಗುತ್ತದೆ.

ಇದು ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಅಮೆಜಾನ್ ‘ಅಸೋಸಿಯೇಟ್ಸ್’ ಅಂತ ಕಮಿಷನ್ ಕೊಡಲು ಶುರು ಮಾಡಿದ್ದು 1996ರಲ್ಲಿ, ಆಗ ಅದು ಬರೀ ಪುಸ್ತಕದಂಗಡಿ. 1998ರಲ್ಲಿ ಕ್ಯಾಲಿಫೋರ್ನಿಯಾದ ಬಿಲ್ ಗ್ರಾಸ್ ಅನ್ನುವವರು ಗೋಟು ಡಾಟ್ ಕಾಮ್ ಅಂತ ಹುಡುಕುತಾಣ ತೆರೆದು, ಜನ ಹುಡುಕುವ ಪದಗಳನ್ನೇ ಹರಾಜಿಗಿಟ್ಟರು. ಹೆಚ್ಚು ಕೂಗಿದವರ ಹೆಸರು ಮೇಲೆ, ಒತ್ತಿದರೆ ಮಾತ್ರ ಕಾಸು. ಮುಂದೆ ಓವರ್ಚರ್ ಅಂತ ಹೆಸರು ಬದಲಿಸಿಕೊಂಡ ಆ ಕಂಪನಿಯನ್ನು 2003ರಲ್ಲಿ ಯಾಹೂ ಕೊಂಡುಕೊಂಡಿತು. ಗೂಗಲ್ 2000ದಲ್ಲಿ ಆಡ್‌ವರ್ಡ್ಸ್ ಶುರು ಮಾಡಿತು, 2002ರಲ್ಲಿ ಅದಕ್ಕೆ ಕ್ಲಿಕ್ಕಿನ ಹರಾಜು ಸೇರಿಸಿತು. ಆದರೆ ದುಡ್ಡೊಂದನ್ನೇ ನೋಡಲಿಲ್ಲ, ಆ ಜಾಹೀರಾತನ್ನು ಎಷ್ಟು ಜನ ಒತ್ತುತ್ತಾರೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿತು. ಚಿಕ್ಕ ಬಂಡವಾಳದವರಿಗೆ ಉಸಿರಾಡಲು ಜಾಗ ಸಿಕ್ಕಿದ್ದೇ ಅಲ್ಲಿ.

ಹೇಗೆ ಅಂತೀರಾ? ನಿಮ್ಮ ತವರಿನ ಕಡೆ ಅಡಿಕೆ ಟೆಂಡರ್ ನೋಡಿದ್ದೀರಲ್ಲ. ಯಾರು ಹೆಚ್ಚು ಬರೆದರೋ ಅವರಿಗೆ ಮಾಲು, ಬರೆದಷ್ಟೂ ಕೊಡಬೇಕು. ಇಲ್ಲಿ ಹಾಗಲ್ಲ. ದೊಡ್ಡ ಕಂಪನಿಯೊಂದು ಆ ಬೋರ್‌ವೆಲ್ ಫಿಲ್ಟರ್ ಪದಕ್ಕೆ 12 ರೂಪಾಯಿ ಕೂಗಿದೆ ಅಂತಿಟ್ಟುಕೊಳ್ಳಿ, ಆದರೆ ಅದರ ಜಾಹೀರಾತು ಕೇಳಿದ್ದಕ್ಕೂ ಹೇಳಿದ್ದಕ್ಕೂ ಸಂಬಂಧವಿಲ್ಲದ್ದು. ಅದರ ಗುಣಕ್ಕೆ ಗೂಗಲ್ ಕೊಡುವುದು 4 ಅಂಕ. 12ನ್ನು 4ರಿಂದ ಗುಣಿಸಿದರೆ 48. ನಾನು ಕೂಗಿದ್ದು 8 ರೂಪಾಯಿ, ನನ್ನ ಪುಟ ಕೇಳಿದ ಪ್ರಶ್ನೆಗೇ ಉತ್ತರ ಕೊಡುತ್ತದೆ; ಗುಣಕ್ಕೆ 8 ಅಂಕ. ಅಲ್ಲಿಗೆ 64. ಮೇಲಿನ ಜಾಗ ನನ್ನದು. ಕೊಡಬೇಕಾದ್ದೂ 8 ಅಲ್ಲ, ಕೆಳಗಿನವರ 48ನ್ನು ದಾಟುವಷ್ಟು ಮಾತ್ರ. 48ನ್ನು ನನ್ನ 8ರಿಂದ ಭಾಗಿಸಿದರೆ 6 ರೂಪಾಯಿ, ಅದರ ಮೇಲೊಂದಿಷ್ಟು ಪೈಸೆ. ಈಗಿನ ಲೆಕ್ಕದಲ್ಲಿ ಇನ್ನೂ ಹತ್ತು ವಿಷಯ ಸೇರಿವೆ, ಆದರೆ ಬೇರು ಇದೇ. ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುವವರಿಗೆ ಕ್ಲಿಕ್ ಅಗ್ಗಕ್ಕೆ ಸಿಗುತ್ತದೆ.

ಅಗ್ಗಕ್ಕೆ ಸಿಕ್ಕಿತು ಅಂತ ಲಾಭ ಬಂತು ಅಂದುಕೊಳ್ಳಬೇಡಿ. ಅದೇ 6 ರೂಪಾಯಿಯಂತೆ 100 ಕ್ಲಿಕ್ ಬಂದವು. 600 ರೂಪಾಯಿ, ಮೇಲೆ ಶೇ 18 ಜಿಎಸ್‌ಟಿ 108, ಒಟ್ಟು 708. ಫಿಲ್ಟರ್ ಬೆಲೆ ತೆರಿಗೆ ಬಿಟ್ಟು 9,000, ಕಮಿಷನ್ ಶೇ 4 ಅಂದರೆ ಒಂದಕ್ಕೆ 360. ನೂರರಲ್ಲಿ ಇಬ್ಬರು ಕೊಂಡರೆ 720. ಉಳಿದದ್ದು 12 ರೂಪಾಯಿ. ಆ ಇಬ್ಬರಲ್ಲಿ ಒಬ್ಬರು ‘ಬೇಡ’ ಅಂತ ವಾಪಸ್ ಕಳಿಸಿದರೆ 348 ರೂಪಾಯಿ ಕೈಬಿಟ್ಟಿತು. ಅದೇ ನೂರರಲ್ಲಿ ಐವರು ಕೊಂಡರೆ 1,092 ಉಳಿಯುತ್ತದೆ. ಇಬ್ಬರು ಐವರಾಗುವುದು ಹೇಗೆ? ಇಡೀ ಕಸುಬು ನಿಂತಿರುವುದು ಈ ಒಂದು ಪ್ರಶ್ನೆಯ ಮೇಲೆ.

ಉತ್ತರ ಪದಗಳಲ್ಲಿದೆ ಅಕ್ಕಾ. ‘ವಾಟರ್ ಫಿಲ್ಟರ್’ ಅಂತ ಅಗಲವಾಗಿ ಪದ ಹಿಡಿದು ಬಿಟ್ಟರೆ ಯಾರ್ಯಾರು ಬರುತ್ತಾರೆ ಅಂತ ಗೂಗಲ್ ಖಾತೆಯಲ್ಲೇ ನೋಡಬಹುದು, ಅದಕ್ಕೆ ಸರ್ಚ್ ಟರ್ಮ್ಸ್ ರಿಪೋರ್ಟ್ ಅನ್ನುತ್ತಾರೆ. ಬೆಳಗ್ಗೆ ಕಾಫಿ ಜೊತೆ ನಾನು ಮೊದಲು ತೆರೆಯುವುದು ಅದನ್ನೇ. ‘ವಾಟರ್ ಫಿಲ್ಟರ್ ರಿಪೇರಿ’, ‘ಕಸ್ಟಮರ್ ಕೇರ್ ನಂಬರ್’, ‘ಸೆಕೆಂಡ್ ಹ್ಯಾಂಡ್ ಫಿಲ್ಟರ್’, ‘ಮನೆಯಲ್ಲೇ ಮರಳು ಇದ್ದಿಲಿನಿಂದ ಫಿಲ್ಟರ್ ಮಾಡುವುದು’, ಶಾಲೆ ಮಕ್ಕಳ ‘ವಾಟರ್ ಫಿಲ್ಟರ್ ಪ್ರಾಜೆಕ್ಟ್’. ಇವರಲ್ಲಿ ಯಾರೂ ಹೊಸ ಫಿಲ್ಟರ್ ಕೊಳ್ಳಲು ಬಂದವರಲ್ಲ, ಅವರದ್ದೇನೂ ತಪ್ಪಿಲ್ಲ. ತಪ್ಪು, ಅವರೆದುರು ಜಾಹೀರಾತು ಹಿಡಿದು ನಿಂತವರದ್ದು. ಆ ರಿಪೇರಿ, ಪ್ರಾಜೆಕ್ಟ್ ಪದಗಳನ್ನೆಲ್ಲ ‘ನೆಗೆಟಿವ್ ಕೀವರ್ಡ್’ ಪಟ್ಟಿಗೆ ಸೇರಿಸಿದರೆ ಆಮೇಲೆ ಅವರಿಗೆ ನಮ್ಮ ಜಾಹೀರಾತು ಕಾಣುವುದಿಲ್ಲ, ನಮ್ಮ ಕಾಸೂ ಹೋಗುವುದಿಲ್ಲ. ಉಳಿಯುವವರು ‘ಟಿಡಿಎಸ್ 900 ಇರುವ ನೀರಿಗೆ ಯಾವ ಫಿಲ್ಟರ್’ ಅನ್ನುವವರು. ಟಿಡಿಎಸ್ ಅಂದರೆ ನೀರಿನಲ್ಲಿ ಕರಗಿದ ಲವಣದ ಅಳತೆ. ಇಂಥ ಪದಕ್ಕೆ ಹುಡುಕಾಟ ಕಡಿಮೆ. ಆದರೆ ಕೇಳುವವರ ಮನೆಯಲ್ಲಿ ಪಾತ್ರೆಗೆ ಬಿಳಿ ಕಟ್ಟಿದೆ, ಅವರು ಕೊಳ್ಳಲೆಂದೇ ಹೊರಟಿದ್ದಾರೆ.

ಯಾವ ಪದದಿಂದ ಬಂದವರು ಕೊಂಡರು ಅನ್ನುವುದನ್ನು ಅಂಗಡಿಯವರು ತಾವಾಗಿ ಹೇಳುವುದಿಲ್ಲ. ಅದಕ್ಕೇ ಒಂದೊಂದು ಪದದ ಗುಂಪಿಗೂ ಬೇರೆ ಬೇರೆ ಟ್ರ್ಯಾಕಿಂಗ್ ಐಡಿ ಹಾಕಿ ಲಿಂಕ್ ಮಾಡಬೇಕು. ಅದಿಲ್ಲದಿದ್ದರೆ ಕತ್ತಲಲ್ಲಿ ದುಡ್ಡೆಣಿಸಿದ ಹಾಗೆ.

ಇನ್ನು ನನ್ನ ಮನಸ್ಸಿಗೆ ಬಹಳ ಹತ್ತಿರದ ಮಾತು. ನಮ್ಮ ಪುಟ ನಿಜ ಹೇಳಬೇಕು. ಕುಡಿಯುವ ನೀರಿನಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಲಿ ಅನ್ನುತ್ತದೆ ಭಾರತೀಯ ಮಾನಕ ಸಂಸ್ಥೆಯ ಅಳತೆ. ಮಲೆನಾಡಿನ ತೆರೆದ ಬಾವಿಯ ನೀರು ಎಷ್ಟೋ ಕಡೆ ಅದಕ್ಕಿಂತ ಬಹಳ ಕೆಳಗಿರುತ್ತದೆ. ಅಂಥವರಿಗೆ ಲವಣ ತೆಗೆಯುವ ಆರ್‌ಓ ಯಂತ್ರ ಸಾಮಾನ್ಯವಾಗಿ ಬೇಕಿಲ್ಲ, ಅದು ಸುಮ್ಮನೆ ಒಂದಷ್ಟು ನೀರನ್ನು ಚರಂಡಿಗೆ ಬಿಡುತ್ತದೆ. ಕ್ರಿಮಿ ಹೋದರೆ ಸಾಕು, ಅದಕ್ಕೆ ಯುವಿ ಫಿಲ್ಟರೋ ಕುದಿಸುವುದೋ ನಡೆಯುತ್ತದೆ. ‘ಮೊದಲು ನೀರು ಪರೀಕ್ಷೆ ಮಾಡಿಸಿ, ಆಮೇಲೆ ಯಂತ್ರ ನೋಡಿ’ ಅಂತ ನನ್ನ ಪುಟದ ತಲೆಯಲ್ಲೇ ಬರೆದಿದ್ದೇನೆ. ದುಬಾರಿ ಯಂತ್ರದ ಕಮಿಷನ್ ತಪ್ಪುತ್ತದೆ, ತಪ್ಪಲಿ. ನನ್ನ ಮಾತು ಕೇಳಿ ಕೊಂಡವರು ಯಂತ್ರ ವಾಪಸ್ ಕಳಿಸುವ ಪ್ರಮೇಯ ಕಡಿಮೆ. ಅದಕ್ಕಿಂತ ಹೆಚ್ಚಾಗಿ, ಗುರುತಿಲ್ಲದ ಒಂದು ಮನೆಯ ಸಂಬಳದ ಒಂಬತ್ತು ಸಾವಿರ ನನ್ನ ಒಂದು ಮಾತಿನಿಂದ ವ್ಯರ್ಥವಾಗಬಾರದು. ಲಿಂಕಿನಿಂದ ಕೊಂಡರೆ ನನಗೆ ಕಮಿಷನ್ ಬರುತ್ತದೆ ಅನ್ನುವುದನ್ನೂ ಮುಚ್ಚಿಡಬಾರದು, ಕಣ್ಣಿಗೆ ಬೀಳುವಂತೆ ಬರೆಯಬೇಕು.

ಅಡ್ಡದಾರಿ ಹಿಡಿದವರಿಗೆ ಬಾಗಿಲು ಒಂದೊಂದಾಗಿ ಮುಚ್ಚಿದೆ. ಮೊದಲು ಎಷ್ಟೋ ಜನ ಸ್ವಂತ ಪುಟವೇ ಇಲ್ಲದೆ ಜಾಹೀರಾತಿನಿಂದ ಸೀದಾ ಅಂಗಡಿಗೆ ಕಳಿಸುತ್ತಿದ್ದರು. 2005ರಲ್ಲಿ ಗೂಗಲ್, ಒಂದು ಹುಡುಕಾಟಕ್ಕೆ ಒಂದೇ ವಿಳಾಸದ ಒಂದೇ ಜಾಹೀರಾತು ಅಂತ ನಿಯಮ ತಂದಿತು. 2009ರ ಮೇ 1ರಿಂದ ಅಮೆರಿಕ, ಕೆನಡಾಗಳಲ್ಲಿ ಹಾಗೆ ನೇರ ಕಳಿಸಿದವರಿಗೆ ಅಮೆಜಾನ್ ಕಮಿಷನ್ ನಿಲ್ಲಿಸಿತು. ಅಂಗಡಿಯ ಹೆಸರನ್ನೇ ಪದವಾಗಿ ಹಿಡಿಯುವುದಕ್ಕೂ ಹಲವು ಅಂಗಡಿಗಳ ಒಪ್ಪಂದದಲ್ಲಿ ಅವಕಾಶವಿಲ್ಲ. ಇಬೇ ಅನ್ನುವ ಆನ್‌ಲೈನ್ ಮಾರುಕಟ್ಟೆ ಕಂಪನಿಯ ಅರ್ಥಶಾಸ್ತ್ರಜ್ಞರು ತಮ್ಮದೇ ಹೆಸರಿನ ಮೇಲಿನ ಜಾಹೀರಾತು ನಿಲ್ಲಿಸಿ ಪರೀಕ್ಷೆ ಮಾಡಿದಾಗ, ಬರಬೇಕಾದವರು ಕೆಳಗಿನ ಪುಕ್ಕಟೆ ಲಿಂಕ್ ಒತ್ತಿ ಹೇಗೂ ಬಂದರಂತೆ. ಹೇಗೂ ಬರುವವರನ್ನು ಕರೆತಂದೆ ಅಂತ ಕಮಿಷನ್ ಕೇಳಿದರೆ ಯಾರು ಕೊಡುತ್ತಾರೆ? ಇಷ್ಟರ ಮೇಲೆ 2023ರಲ್ಲಿ ದೆಹಲಿ ಹೈಕೋರ್ಟ್, ಬೇರೆಯವರ ಟ್ರೇಡ್‌ಮಾರ್ಕನ್ನು ಜಾಹೀರಾತಿನ ಪದವಾಗಿ ಹಿಡಿಯುವುದೂ ಅದರ ಬಳಕೆಯೇ ಅಂದಿದೆ. ಜನರಿಗೆ ಗೊಂದಲವಾಗುವ ಹಾಗೆ ಮಾಡಿದರೆ ಕೋರ್ಟಿನ ಮೆಟ್ಟಿಲು ಹತ್ತಬೇಕಾದೀತು. ಉಳಿದಿರುವ ದಾರಿ ಒಂದೇ. ಪ್ರಶ್ನೆ ಇಟ್ಟುಕೊಂಡು ಬಂದವರಿಗೆ ಅಂಗಡಿಯವರು ಹೇಳದ ಏನನ್ನಾದರೂ ಹೇಳಬೇಕು. ಆಗ ನಮ್ಮ ಕಮಿಷನ್ ನ್ಯಾಯದ ಸಂಪಾದನೆ.

ಹಾಗಾದರೆ ಹುಡುಗನಿಗೆ ದುಡ್ಡು ಕೊಡಬೇಕೋ ಬೇಡವೋ ಅಂದರೆ, ಕೊಡಿ ಅಂತಲೇ ಹೇಳುತ್ತೇನೆ. ಇಪ್ಪತ್ತಲ್ಲ, ಐದು ಸಾವಿರ. ದಿನಕ್ಕೆ ಇನ್ನೂರರ ಮಿತಿ ಹಾಕಿಕೊಳ್ಳಲಿ. ಮಿತಿ ಹಾಕಿದರೂ ಕೆಲವು ದಿನ ಅದರ ಎರಡರಷ್ಟು ಖರ್ಚಾಗಬಹುದು, ತಿಂಗಳ ಲೆಕ್ಕದಲ್ಲಿ ಸರಿಹೋಗುತ್ತದೆ, ಹೆದರುವುದು ಬೇಡ. ನನ್ನ ಫಿಲ್ಟರನ್ನೇ ಅವನೂ ಹಿಡಿಯಬೇಕಾಗಿಲ್ಲ. ಪಂಪ್‌ಸೆಟ್ ಅಂಗಡಿಯ ಗಲ್ಲಾದ ಹತ್ತಿರ ನಿಂತು ಎಷ್ಟು ದಿನ ಕೆಲಸ ಮಾಡಿದ್ದಾನೆ ಅವನು! ರೈತರು ಬಂದು ಏನು ಕೇಳುತ್ತಾರೆ, ಇಷ್ಟು ಅಡಿ ಆಳಕ್ಕೆ ಎಷ್ಟು ಎಚ್‌ಪಿ ಬೇಕು, ಸಿಂಗಲ್ ಫೇಸ್ ಕರೆಂಟಿಗೆ ಯಾವುದು ನಡೆಯುತ್ತದೆ, ಮೋಟರ್ ಯಾಕೆ ಸುಡುತ್ತದೆ, ಎಲ್ಲ ಅವನಿಗೆ ಬಾಯಿಪಾಠ. ವಿಡಿಯೊದವರ ಹತ್ತಿರ ಇಲ್ಲದ ಬಂಡವಾಳ ಅದು. ಆ ಪ್ರಶ್ನೆಗಳನ್ನು ರೈತರು ಕೇಳಿದ ಮಾತಿನಲ್ಲೇ ಒಂದು ಪುಸ್ತಕದಲ್ಲಿ ಬರೆದುಕೊಂಡು ಸಂಜೆ ಈ ಕಡೆ ಬರಲಿ. ಖಾತೆ ತೆರೆಯುವುದು, ಲಿಂಕ್ ಹಾಕುವುದು ಎಲ್ಲ ನಾನು ಕೂತು ತೋರಿಸಿಕೊಡುತ್ತೇನೆ. ಉತ್ತರ ಮಾತ್ರ ಅವನೇ ಬರೆಯಬೇಕು.